ಕೊಳಗದಿಂದ ಹಕ್ಕುಪತ್ರದವರೆಗೆ

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಮನೆಯ ಅಟ್ಟದ ಮೇಲೆ ಒಂದು ಹಳೇ ಕೊಳಗ ಇದೆ. ಬತ್ತ ಅಳೆಯುವ ಕೊಳಗ. ಬಾಯಿಯ ಸುತ್ತ ಒಂದು ಪಟ್ಟಿ, ಒಂದು ಕಡೆ ಸ್ವಲ್ಪ ನಗ್ಗಿದೆ. ಚಿಕ್ಕವನಾಗಿದ್ದಾಗ ನಮ್ಮಜ್ಜಿ ಕಣದಲ್ಲಿ ಕೂತು ಅಳೆಯುವುದನ್ನು ನೋಡಿದ್ದೇನೆ. ಮೊದಲನೇ ಕೊಳಗಕ್ಕೆ ಒಂದು ಅನ್ನುತ್ತಿರಲಿಲ್ಲ, 'ಲಾಭ' ಅನ್ನುತ್ತಿದ್ದರು. ಆಮೇಲೆ ಎರಡು, ಮೂರು. ನಿಮ್ಮ ಕಡೆಯೂ ಹಾಗೇ ಅಲ್ವಾ?

ಇವತ್ತು ನಮ್ಮ ರಾಜ್ಯದಲ್ಲಿ ಸ್ಪೀಕರ್, ಕಂದಾಯ ಸಚಿವ ಆಗಿದ್ದ ಕಾಗೋಡು ತಿಮ್ಮಪ್ಪನವರ ಬಗ್ಗೆ ಮಾತಾಡಬೇಕು ಅಂತ ಕೂತಾಗ ನನಗೆ ಮೊದಲು ನೆನಪಾಗಿದ್ದು ಈ ಕೊಳಗ. ವಿಧಾನಸೌಧ ಆಮೇಲೆ ನೆನಪಾಯಿತು. ಯಾಕೆ ಅಂದರೆ ಅವರ ಊರಿನ ಜಗಳ ಶುರುವಾಗಿದ್ದೇ ಕೊಳಗದಿಂದ.

ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನಲ್ಲಿ ಕಾಗೋಡು ಅಂತ ಒಂದು ಸಣ್ಣ ಹಳ್ಳಿ. ಗದ್ದೆ ಒಡೆಯರದ್ದು, ದುಡಿಮೆ ಗೇಣಿದಾರರದ್ದು. ಗೇಣಿ ಮಾಡುತ್ತಿದ್ದವರಲ್ಲಿ ಹೆಚ್ಚಿನವರು ದೀವರು ಅನ್ನುವ ಸಮುದಾಯದವರು. ಸುಗ್ಗಿ ಮುಗಿದ ಮೇಲೆ ಗೇಣಿ ಬತ್ತ ಅಳೆದು ಕೊಡಬೇಕು. ಆ ಅಳತೆಗೆ ಒಡೆಯರು ತರುತ್ತಿದ್ದ ಕೊಳಗ ದೊಡ್ಡದು. ಲೆಕ್ಕದಲ್ಲಿ ಅದೂ ಒಂದು ಕೊಳಗವೇ, ಆದರೆ ಹೋಗುವ ಬತ್ತ ಜಾಸ್ತಿ. ವರ್ಷವಿಡೀ ಕೆಸರಲ್ಲಿ ನಿಂತವನಿಗೆ ಆ ಒಂದೊಂದು ಹಿಡಿ ಬತ್ತವೂ ಒಂದು ಹೊತ್ತಿನ ಗಂಜಿ. ಅಳತೆ ಸರಿಯಿರಲಿ, ಬಿಟ್ಟಿ ದುಡಿಮೆ ನಿಲ್ಲಲಿ ಅಂತ ರೈತರು ಕೇಳಿದರು. ರೈತ ಮುಖಂಡ ಎಚ್. ಗಣಪತಿಯಪ್ಪನವರು ಮುಂದೆ ನಿಂತರು. 1951ರಲ್ಲಿ ಅದು ಸತ್ಯಾಗ್ರಹವಾಯಿತು. ರೈತರು ಗುಂಪು ಗುಂಪಾಗಿ ಗದ್ದೆಗೆ ಇಳಿದು ನೇಗಿಲು ಹೂಡಿದರು, ಜೈಲಿಗೆ ಹೋದರು. ಜೂನ್ ತಿಂಗಳಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದರು. ಅವರನ್ನೂ ಬಂಧಿಸಿದರು. ಮರುವರ್ಷದ ಚುನಾವಣೆಯಲ್ಲಿ ಇದೇ ಹೋರಾಟದಲ್ಲಿದ್ದ ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಗೆದ್ದು ವಿಧಾನಸಭೆಗೆ ಹೋದರು.

ತಿಮ್ಮಪ್ಪ ಆ ಊರಿನ ಹುಡುಗ. 1932ರಲ್ಲಿ ಹುಟ್ಟಿದವರು. ಸತ್ಯಾಗ್ರಹ ಶುರುವಾದಾಗ 18 ವರ್ಷ. ಆ ವಯಸ್ಸಿನಲ್ಲಿ ಕಣ್ಣಾರೆ ಕಂಡದ್ದು ಮನುಷ್ಯನನ್ನು ಬಿಡುವುದಿಲ್ಲ. ಮುಂದೆ ಕಾನೂನು ಓದಿ ವಕೀಲರಾದರು, ಸಮಾಜವಾದಿಗಳ ಜೊತೆ ಸೇರಿದರು. ಚುನಾವಣೆಗೆ ನಿಂತು ಸೋತರು. 1972ರಲ್ಲಿ ಸಮಾಜವಾದಿ ಪಕ್ಷದಿಂದ ಸಾಗರ ಕ್ಷೇತ್ರ ಗೆದ್ದರು.

ಗೆದ್ದ ಹೊತ್ತು ಹೇಗಿತ್ತು ನೋಡಿ. ದೇವರಾಜ ಅರಸರು ಮುಖ್ಯಮಂತ್ರಿ. ಭೂಸುಧಾರಣಾ ಕಾಯ್ದೆಯ ದೊಡ್ಡ ತಿದ್ದುಪಡಿ ಬಂದಿದ್ದು ಅದೇ ವಿಧಾನಸಭೆಯಲ್ಲಿ. 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿಯೇ ರದ್ದು. ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿ, ಅಲ್ಲಿಂದ ಉಳುವವನ ಹೆಸರಿಗೆ ಬರಬೇಕು. ಅದಕ್ಕೆ ಗೇಣಿದಾರ 7ನೇ ನಮೂನೆಯಲ್ಲಿ ಅರ್ಜಿ ಕೊಡಬೇಕು. ನಮ್ಮ ಮಲೆನಾಡಿನಲ್ಲಿ ಅದನ್ನು ಯಾರೂ ಅರ್ಜಿ ಅನ್ನಲಿಲ್ಲ, 'ಡಿಕ್ಲರೇಷನ್ ಕೊಡೋದು' ಅಂದರು. ತಾಲೂಕಿಗೆ ಭೂನ್ಯಾಯ ಮಂಡಳಿ ಬಂತು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಜೊತೆಗೆ ಊರ ಕಡೆಯ ಸದಸ್ಯರು. ಮೊದಲಿಗೆ ಅಲ್ಲಿ ವಕೀಲರು ವಾದ ಮಾಡುವಂತಿರಲಿಲ್ಲ. ಗೇಣಿದಾರ ತಾನೇ ನಿಂತು, 'ಈ ಗದ್ದೆ ನಾನು ಇಷ್ಟು ವರ್ಷದಿಂದ ಮಾಡ್ತಾ ಇದೀನಿ' ಅಂತ ಹೇಳಬೇಕು. ಒಡೆಯರ ಎದುರು ತಲೆ ಎತ್ತದೇ ಬದುಕಿದವನು ಅದೇ ಒಡೆಯರ ಪಕ್ಕ ನಿಂತು ಈ ಮಾತು ಹೇಳುವುದು ಸಣ್ಣ ಸಂಗತಿ ಅಂದುಕೊಳ್ಳಬೇಡಿ.

ನಮ್ಮಜ್ಜನೂ ಡಿಕ್ಲರೇಷನ್ ಕೊಟ್ಟವರೇ. ಅವರಿಗೆ ಓದಲು ಬರುತ್ತಿರಲಿಲ್ಲ. ಪಹಣಿ ಅಂದರೆ ಜಮೀನಿನ ಸರ್ಕಾರಿ ದಾಖಲೆ, ಅದರಲ್ಲಿ ಒಡೆಯನ ಹೆಸರು ಬರುವುದು 9ನೇ ಕಾಲಂನಲ್ಲಿ. ಅಲ್ಲಿ ತಮ್ಮ ಹೆಸರು ಬಂದ ದಿನ ಅಜ್ಜ ಆ ಜಾಗವನ್ನು ಬೆರಳಿಂದ ಮುಟ್ಟಿ ಮುಟ್ಟಿ ನೋಡಿದರಂತೆ. ಆ ಪಹಣಿ ನಮ್ಮ ಟ್ರಂಕಿನಲ್ಲಿ ಈಗಲೂ ಇದೆ.

ತಿಮ್ಮಪ್ಪನವರ ಹಾದಿ ಮಾತ್ರ ನೇರವಾಗಿ ಸಾಗಲಿಲ್ಲ. ಮುಂದಿನ ಚುನಾವಣೆಗಳಲ್ಲಿ ಸಾಗರ ಬೇರೆಯವರ ಪಾಲಾಯಿತು. ಅವರು ಕಾಂಗ್ರೆಸ್ ಸೇರಿದರು. ಆಮೇಲೆ 1989, 1994, 1999, ಹೀಗೆ ಮೂರು ಸಲ ಸಾಲಾಗಿ ಗೆದ್ದರು. ಎಸ್.ಎಂ. ಕೃಷ್ಣ ಅವರ ಸಂಪುಟದಲ್ಲಿ ಮಂತ್ರಿಯಾದರು. 2004 ಮತ್ತು 2008ರಲ್ಲಿ ಸೋತರು. ಅಷ್ಟು ಹೊತ್ತಿಗೆ ವಯಸ್ಸು ಎಪ್ಪತ್ತು ದಾಟಿತ್ತು. ಬೇರೆ ಯಾರೇ ಆಗಿದ್ದರೂ ಮನೆಯಲ್ಲಿ ಕೂರುತ್ತಿದ್ದರು. ಇವರು 2013ರಲ್ಲಿ ಮತ್ತೆ ನಿಂತು ಗೆದ್ದು, ಸ್ಪೀಕರ್ ಆದರು.

ಸ್ಪೀಕರ್ ಪೀಠದಲ್ಲಿ ಕೂತವರು ಸಾಮಾನ್ಯವಾಗಿ ಮಾತು ಕಡಿಮೆ ಮಾಡುತ್ತಾರೆ. ತಿಮ್ಮಪ್ಪನವರಿಗೆ ಅದು ಆಗಲಿಲ್ಲ. ಸದನದಲ್ಲಿ ಮಂತ್ರಿಗಳ ಕುರ್ಚಿ ಖಾಲಿ ಕಂಡರೆ ಬಿಡುತ್ತಿರಲಿಲ್ಲ. ಅರಣ್ಯ ಹಕ್ಕು ಕಾಯ್ದೆಯಡಿ ಬಡವರಿಗೆ ಹಕ್ಕುಪತ್ರ ಕೊಡಲು ಮೀನಮೇಷ ಎಣಿಸಿದಾಗ ತಮ್ಮದೇ ಪಕ್ಷದ ಸರ್ಕಾರವನ್ನೂ ಗದರಿಸಿದರು. ಕೆಲವರು ಅದನ್ನು ಮುಂಗೋಪ ಅಂದರು. ನನಗೆ ಹಾಗೆ ಅನ್ನಿಸಲಿಲ್ಲ. ಲಿಂಗನಮಕ್ಕಿ ಅಣೆಕಟ್ಟಿಗಾಗಿ ಮುಳುಗಡೆಯಾದ ಶರಾವತಿ ಕಣಿವೆಯ ಜನ ಅವರ ಕಣ್ಣೆದುರೇ ಇದ್ದರು. ನಾಡಿಗೆಲ್ಲ ಬೆಳಕು ಕೊಟ್ಟ ಊರುಗಳ ಜನ, ಕಾಡಿನ ಅಂಚಿನಲ್ಲಿ ಮನೆ ಕಟ್ಟಿಕೊಂಡು ಕಾಗದಕ್ಕಾಗಿ ಕಾಯುತ್ತಿದ್ದರೆ ಕೋಪ ಬರದೇ ಇರುತ್ತದೆಯೇ?

2016ರಲ್ಲಿ ಅವರು ಕಂದಾಯ ಸಚಿವರಾದರು. ವಯಸ್ಸು ಎಂಬತ್ತು ದಾಟಿತ್ತು. ನನ್ನ ಪ್ರಕಾರ ಅವರ ಬದುಕಿನ ದೊಡ್ಡ ಕೆಲಸ ಇಲ್ಲಿಯದು. ಉಳುವವನಿಗೆ ಹೊಲವೇನೋ ಸಿಕ್ಕಿತ್ತು. ಹೊಲವೇ ಇಲ್ಲದವನ ಕಥೆ ಏನು? ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ಹಾಡಿಗಳಲ್ಲಿ ತಲೆತಲಾಂತರದಿಂದ ಇದ್ದವರಿಗೆ ಮನೆ ಇದ್ದರೂ ಮನೆಯ ಕೆಳಗಿನ ನೆಲ ಅವರದಲ್ಲ. ಕಂದಾಯ ಗ್ರಾಮಗಳ, ಅಂದರೆ ಸರ್ಕಾರದ ದಾಖಲೆಯಲ್ಲಿ ಊರು ಅನ್ನಿಸಿಕೊಂಡವುಗಳ ಪಟ್ಟಿಯಲ್ಲಿ ಅವರ ಊರಿನ ಹೆಸರೇ ಇಲ್ಲ. ಮನೆ ತೋರಿಸಿ ಸಾಲ ಕೇಳಲು ಕೈಯಲ್ಲಿ ಕಾಗದ ಇಲ್ಲ. ಖಾಸಗಿ ಜಮೀನಿನಲ್ಲಿರುವ ಇಂಥ ವಸತಿಗಳನ್ನು ಕಂದಾಯ ಗ್ರಾಮ ಮಾಡಿ, ವಾಸ ಇರುವವರಿಗೇ ಹಕ್ಕು ಕೊಡಲು ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂತು. 'ಉಳುವವನೇ ಹೊಲದೊಡೆಯ' ಅನ್ನುವ ಹಳೇ ಮಾತಿನ ಪಕ್ಕ 'ವಾಸಿಸುವವನೇ ನೆಲದೊಡೆಯ' ಅನ್ನುವ ಹೊಸ ಮಾತು ಬಂತು. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರು ಅದನ್ನು ಸಕ್ರಮ ಮಾಡಿಕೊಡಿ ಅಂತ ಕೊಡುವ 94ಸಿ, 94ಸಿಸಿ ಅರ್ಜಿಗಳ ಬೆನ್ನನ್ನೂ ಅವರು ಬಿಡಲಿಲ್ಲ.

2018ರಲ್ಲಿ ಸಾಗರದಲ್ಲಿ ಮತ್ತೆ ನಿಂತರು, ಸೋತರು. ಮೊದಲ ಗೆಲುವಿನಿಂದ ಅಲ್ಲಿಗೆ 46 ವರ್ಷ. ಗೆದ್ದದ್ದು ಐದು ಸಲ. ಅವರಿಗಿಂತ ಜಾಸ್ತಿ ಸಲ ಗೆದ್ದವರು ನಮ್ಮ ರಾಜ್ಯದಲ್ಲಿ ಇದ್ದಾರೆ. ಆದರೆ ಹದಿನೆಂಟರಲ್ಲಿ ಊರಲ್ಲಿ ಕೇಳಿದ ಪ್ರಶ್ನೆಯನ್ನೇ ಎಂಬತ್ತೈದರವರೆಗೆ ಹಿಡಿದುಕೊಂಡು ಹೋದವರು ಎಷ್ಟು ಜನ ಸಿಗುತ್ತಾರೆ ಹೇಳಿ.

ನಮ್ಮ ಕೊಳಗವನ್ನು ಮೊನ್ನೆ ಸುಗ್ಗಿಯಲ್ಲಿ ಅಟ್ಟದಿಂದ ಇಳಿಸಿದೆವು. ಚೀಲ, ತೂಕದ ಮಷಿನ್ ಎಲ್ಲ ಇದ್ದರೂ ಬಿತ್ತನೆ ಬತ್ತವನ್ನು ಮಾತ್ರ ಅಮ್ಮ ಅದರಲ್ಲೇ ಅಳೆಯುತ್ತಾರೆ. ಮೊದಲನೇ ಕೊಳಗ ತುಂಬಿ, ಅಂಗೈಯಿಂದ ಬಾಯಿ ಸವರಿ, ಚೀಲಕ್ಕೆ ಸುರಿದರು. 'ಲಾಭ' ಅಂದರು.

ನಮಸ್ಕಾರ.