ಎಂಟನೇ ಇಯತ್ತೆಯ ಸೈಕಲ್ಲು, ರವಿವಾರದ ಸವಾರಿ

ಎಲ್ಲರಿಗೂ ನಮಸ್ಕಾರ.

ಕಾಲೇಜಿಗೆ ಹೋಗುವ ಮಕ್ಕಳೂ ಅವರ ತಂದೆ-ತಾಯಂದಿರೂ ಒಂದೇ ಕಡೆ ಕೂತಿದ್ದೀರಿ. ಸೈಕಲ್ಲಿನ ಮಾತಿಗೆ ಇದು ಅನುಕೂಲವೇ ಆಯಿತು. ಹವ್ಯಾಸಕ್ಕೆಂದು ಸೈಕಲ್ ಹಿಡಿದ ವಿದ್ಯಾರ್ಥಿ ನಾಲ್ಕು ವಾರಕ್ಕೆ ಅದನ್ನು ಬಿಟ್ಟನೆಂದರೆ ಕಾಲು ಸೋತು ಬಿಟ್ಟಿರುವುದು ಕಡಿಮೆ. ಒಂದೋ ಸೈಕಲ್ ಸರಿಯಿರುವುದಿಲ್ಲ, ಇಲ್ಲವೇ ಸವಾರಿಯ ಹೊತ್ತು ಮನೆಯ ಕೆಲಸದ ಹೊತ್ತಿನ ಮೇಲೆ ಬಂದು ಬೀಳುತ್ತದೆ. ಇವತ್ತು ಈ ಎರಡರ ಬಗ್ಗೆಯೇ ಮಾತಾಡೋಣ.

ವಿಜಯಪುರ, ಬಾಗಲಕೋಟೆ, ಜಮಖಂಡಿ ಕಡೆ ಸೈಕಲ್ ಅಂದಕೂಡಲೇ ಜನಕ್ಕೆ ನೆನಪಾಗುವುದು ರೇಸು. ನಮ್ಮ ಭಾಗದ ರಸ್ತೆ ಸೈಕ್ಲಿಸ್ಟರು ರಾಷ್ಟ್ರಮಟ್ಟದಲ್ಲಿ ಪದಕ ತಂದವರು, ಅದು ಹೆಮ್ಮೆಯ ಮಾತೇ. ಆದರೆ ಅವರನ್ನು ನೋಡಿ ಹ್ಯಾಂಡಲ್ ಬಗ್ಗಿಸಿ, ಸೀಟು ಎತ್ತರಿಸಿ, ಮೊದಲ ದಿನವೇ 50 ಕಿಲೋಮೀಟರ್ ಹೊರಡುವುದು ಬೇಡ. ಸಂತೋಷಕ್ಕೆ ತುಳಿಯುವವರಿಗೆ ತಾಸಿಗೆ 15 ಕಿಲೋಮೀಟರ್ ಧಾರಾಳ ಆಯಿತು. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಬರುವಷ್ಟು ಉಸಿರು ಉಳಿದಿರಬೇಕು, ಅಷ್ಟೇ ಲೆಕ್ಕ.

ಹೊಸ ಸೈಕಲ್ ಕೊಡಿಸಿ ಎಂದು ಅಪ್ಪನ ಮುಂದೆ ನಿಲ್ಲುವ ಮೊದಲು ಹಿತ್ತಲಿಗೆ ಹೋಗಿ ನೋಡಿ. ಸರಕಾರ 2006-07ರಲ್ಲಿ ಶುರು ಮಾಡಿದ ಯೋಜನೆಯಲ್ಲಿ ಎಂಟನೇ ಇಯತ್ತೆಯ ಮಕ್ಕಳಿಗೆ ಸಿಕ್ಕ ಸೈಕಲ್‌ಗಳು ಎಷ್ಟೋ ಮನೆಗಳಲ್ಲಿ ಗೋಡೆಗೆ ಒರಗಿಕೊಂಡು ತುಕ್ಕು ಹಿಡಿಯುತ್ತಿವೆ. ಅಕ್ಕನದೋ ಅಣ್ಣನದೋ ಇರಬಹುದು. ಗೇರಿಲ್ಲ, ತೂಕ ಜಾಸ್ತಿ, ನಿಜ. ನಮ್ಮದು ಬಯಲುಸೀಮೆ, 20 ಕಿಲೋಮೀಟರ್‌ಗೆ ಗೇರು ಬೇಕೇಬೇಕು ಅಂತೇನಿಲ್ಲ.

ಅದನ್ನು ಎಬ್ಬಿಸುವಾಗ ಮೊದಲು ಚೌಕಟ್ಟು ನೋಡಿ. ಮೇಲಿನ ತುಕ್ಕು ಉಜ್ಜಿದರೆ ಹೋಗುತ್ತದೆ. ಬೆಸುಗೆ ಇರುವ ಕಡೆ, ಅದರಲ್ಲೂ ಹ್ಯಾಂಡಲ್ಲಿನ ಕೆಳಗೆ ಮತ್ತು ಪೆಡಲ್ ಅಚ್ಚಿನ (ಎರಡೂ ಪೆಡಲಿನ ಕಾಲುಗಳು ಚೌಕಟ್ಟಿಗೆ ಕೂಡುವ ಕಡೆಯ ಅಚ್ಚು) ಸುತ್ತ, ಕೂದಲೆಳೆಯಷ್ಟು ಬಿರುಕು ಕಂಡರೂ ಆ ಸೈಕಲ್ ಕೈಬಿಡಿ. ಆಮೇಲೆ ಟೈರು. ಮೂರ್ನಾಲ್ಕು ವರ್ಷ ಹವಾ ಇಲ್ಲದೆ ನಿಂತ ಟೈರಿನ ಪಕ್ಕದ ರಬ್ಬರು ಹೆಬ್ಬೆರಳಿಂದ ಒತ್ತಿದರೆ ಬಿರಿಯುತ್ತದೆ. ಅಂಥದ್ದಕ್ಕೆ ಹವಾ ತುಂಬಿ ಪರೀಕ್ಷೆ ಮಾಡುತ್ತ ಕೂಡಬೇಡಿ, ಎರಡೂ ಟೈರು, ಎರಡೂ ಟ್ಯೂಬು ಬದಲಿಸಿ. ಬ್ರೇಕ್ ರಬ್ಬರು ಗಾಜಿನ ಹಾಗೆ ಗಟ್ಟಿಯಾಗಿದ್ದರೆ ಅದನ್ನೂ ಬದಲಿಸಿ. ಹೊಸದನ್ನು ಕೂಡಿಸುವಾಗ ಅದು ಪೂರ್ತಿ ರಿಮ್ಮಿಗೇ ತಾಗಬೇಕು. ಮೇಲೆ ಸರಿದು ಟೈರಿಗೆ ತಾಗಿದರೆ ಕೆಲವೇ ದಿನದಲ್ಲಿ ಟೈರಿನ ಪಕ್ಕ ಕೊರೆದು ಟ್ಯೂಬು ಹೊರಗೆ ಇಣುಕುತ್ತದೆ. ರಿಮ್ಮಿಗೂ ರಬ್ಬರಿಗೂ 2-3 ಮಿಲಿಮೀಟರ್ ಅಂತರ ಸಾಕು. ಎಷ್ಟೇ ಹಿಚುಕಿದರೂ ಬ್ರೇಕಿನ ಹಿಡಿ ಹ್ಯಾಂಡಲ್ಲಿಗೆ ಮುಟ್ಟಬಾರದು.

ಚೇನು ಹಿಗ್ಗಿದೆಯೋ ಇಲ್ಲವೋ ನೋಡಲು ಸ್ಕೇಲು ಸಾಕು. ಒಂದು ಪಿನ್ನಿನ ನಡುಮಧ್ಯ ಹಿಡಿದು ಮುಂದಿನ 24ನೇ ಪಿನ್ನಿನ ನಡುಮಧ್ಯದವರೆಗೆ ಅಳೆಯಿರಿ. ಹೊಸ ಚೇನಿನಲ್ಲಿ ಅದು ಸರಿಯಾಗಿ 12 ಇಂಚು. 12 ಇಂಚಿನ ಮೇಲೆ ಎಂಟನೇ ಒಂದು ಇಂಚು ಬಂತೆಂದರೆ ಚೇನು ಮುಗಿದಿದೆ, ಅದು ಹಲ್ಲುಗಳನ್ನೂ ತಿನ್ನುತ್ತಿದೆ. ಸರಿಯಿದ್ದರೆ ಸೀಮೆಎಣ್ಣೆ ಇಲ್ಲವೇ ಡೀಸೆಲ್ಲಿನಲ್ಲಿ ಅದ್ದಿದ ಹಳೇ ಹಲ್ಲುಬ್ರಷ್ಷಿಂದ ತಿಕ್ಕಿ, ಒಣಗಿಸಿ, ಪ್ರತಿ ಕೊಂಡಿಗೆ ಒಂದೇ ಹನಿ ಎಣ್ಣೆ ಬಿಡಿ. ಐದು ನಿಮಿಷ ಪೆಡಲ್ ತಿರುಗಿಸಿ, ಹೊರಗಿನ ಎಣ್ಣೆಯನ್ನೆಲ್ಲ ಒಣ ಬಟ್ಟೆಯಿಂದ ಒರೆಸಿಬಿಡಿ. ಎಣ್ಣೆ ಬೇಕಾದದ್ದು ಒಳಗಿನ ಪಿನ್ನಿಗೆ, ಹೊರಗಿನ ಪಟ್ಟಿಗೆ ಅಲ್ಲ. ಸುರಿಯುವಷ್ಟು ಹಾಕಿದರೆ ನಮ್ಮ ಊರಿನ ಧೂಳು ಅದಕ್ಕೆ ಅಂಟಿ ಉಜ್ಜುವ ಕಾಗದದ ಕೆಲಸ ಮಾಡುತ್ತದೆ. ಗೇರಿಲ್ಲದ ಸೈಕಲ್ಲಿನಲ್ಲಿ ಚೇನಿನ ನಡುಭಾಗ ಬೆರಳಿಂದ ಎತ್ತಿ ಇಳಿಸಿದರೆ ಒಂದು-ಒಂದೂವರೆ ಸೆಂಟಿಮೀಟರ್ ಆಡಬೇಕು. ತೀರ ಬಿಗಿಯಾದರೆ ತುಳಿಯಲು ಭಾರ, ತೀರ ಸಡಿಲಾದರೆ ನಟ್ಟ ನಡುರಸ್ತೆಯಲ್ಲಿ ಕಳಚಿಕೊಳ್ಳುತ್ತದೆ.

ಗಾಲಿಯ ಬೇರಿಂಗ್ ನೋಡುವ ಬಗೆ ಚೆಂದ ಇದೆ. ಮುಂದಿನ ಗಾಲಿ ಎತ್ತಿ ಹಿಡಿದು, ವಾಲ್ ಒಂದು ಪಕ್ಕಕ್ಕೆ ಬರುವಂತೆ ತಿರುಗಿಸಿ ಕೈ ಬಿಡಿ. ವಾಲ್‌ನ ತೂಕಕ್ಕೇ ಗಾಲಿ ನಿಧಾನ ತಿರುಗಿ, ವಾಲ್ ಕೆಳಗೆ ಬಂದು, ಎರಡು ಸಲ ಅತ್ತಿತ್ತ ತೂಗಿ ನಿಲ್ಲಬೇಕು. ಇದ್ದಲ್ಲೇ ನಿಂತರೆ ಬೇರಿಂಗಿನ ಗುಂಡುಗಳನ್ನು ಒತ್ತಿ ಹಿಡಿಯುವ ಕೋನು ಬಿಗಿಯಾಗಿದೆ, ಇಲ್ಲವೇ ಗ್ರೀಸು ಒಣಗಿದೆ. ರಿಮ್ ಹಿಡಿದು ಅಡ್ಡ ಅಲುಗಿಸಿದಾಗ ಟಕ್ ಟಕ್ ಅಂದರೆ ಸಡಿಲಾಗಿದೆ. ಪೆಡಲಿನ ಪ್ರತಿ ಸುತ್ತಿಗೊಮ್ಮೆ ಟಕ್ ಎನ್ನುತ್ತಿದ್ದರೆ ಪೆಡಲಿನ ಕಾಲನ್ನು ಅಚ್ಚಿಗೆ ಬಿಗಿಯುವ ಕಾಟರ್ ಪಿನ್ ನೋಡಿ. ಇನ್ನೊಂದು: ಎಡಗಡೆಯ ಪೆಡಲಿನ ಮರೆ, ಅಂದರೆ ತಿರುಪಿನ ಸುತ್ತು, ಉಲ್ಟಾ. ಬಿಚ್ಚಲು ಪಾನಾ ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಬೇಕು. ಇದು ಗೊತ್ತಿಲ್ಲದೆ ಬಲ ಹಾಕಿ ಮರೆ ಕಿತ್ತವರು ಊರ ತುಂಬ ಇದ್ದಾರೆ.

ಸೈಕಲ್ ತಯಾರಾಯಿತು, ಇನ್ನು ಅದು ನಿಮ್ಮ ಮೈಗೆ ಹೊಂದಬೇಕು. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ತೊಡೆಗಳ ನಡುವೆ ಒಂದು ದಪ್ಪ ಪುಸ್ತಕ ಮೇಲಕ್ಕೆ ಒತ್ತಿ ಹಿಡಿಯಿರಿ. ನೆಲದಿಂದ ಪುಸ್ತಕದ ಮೇಲಂಚಿನವರೆಗೆ ಬರುವ ಅಳತೆಯನ್ನು 0.88ರಿಂದ ಗುಣಿಸಿ. 78 ಸೆಂಟಿಮೀಟರ್ ಇದ್ದರೆ ಸುಮಾರು 69 ಬರುತ್ತದೆ. ಪೆಡಲ್ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಅಷ್ಟು ಎತ್ತರ ಇರಲಿ. ಹೆದರಿಕೆಗೆ ಸೀಟು ಇಳಿಸಿಕೊಂಡವರಿಗೆ ಮೊಣಕಾಲಿನ ಚಿಪ್ಪಿನ ಮುಂದೆ ನೋವು ಬರುತ್ತದೆ. ಅತಿ ಎತ್ತರವಾದರೆ ಮೊಣಕಾಲಿನ ಹಿಂದೆ ನೋವು, ಜೊತೆಗೆ ಸೊಂಟ ಸೀಟಿನ ಮೇಲೆ ಅತ್ತಿತ್ತ ಹೊರಳುತ್ತದೆ. ಸೀಟಿನ ಕೊಳವೆಯ ಮೇಲೆ ಒಂದು ಗೆರೆ ಕೊರೆದಿರುತ್ತದೆ, ಆ ಗೆರೆ ಹೊರಗೆ ಕಾಣುವಷ್ಟು ಎತ್ತಬಾರದು, ಕೊಳವೆ ಮುರಿಯುತ್ತದೆ. ಅಕ್ಕ-ತಮ್ಮ ಇಬ್ಬರಿಗೂ ಒಂದೇ ಸೈಕಲ್ ಇದ್ದರೆ ಕೊಳವೆಗೆ ಎರಡು ಬಣ್ಣದ ಇನ್ಸುಲೇಷನ್ ಟೇಪು ಸುತ್ತಿ. ಸವಾರಿ ಮುಗಿಸಿದವರು ಮುಂದಿನವರ ಗುರುತಿಗೆ ಸೀಟು ಇಳಿಸಿಯೋ ಏರಿಸಿಯೋ ಇಟ್ಟು ಒಳಗೆ ಹೋಗಬೇಕು. ಇದೊಂದು ಕಟ್ಟಳೆ ಹಾಕಿಕೊಂಡರೆ ಅರ್ಧ ಜಗಳ ಇಲ್ಲ.

ಇನ್ನು ಪಂಕ್ಚರು. ಇದಕ್ಕೆ ಸ್ವಲ್ಪ ಹೊತ್ತು ಕೊಡುತ್ತೇನೆ, ಯಾಕಂದರೆ ನಮ್ಮ ಕಡೆಯ ರಸ್ತೆ ಅಂಚಿನಲ್ಲಿ ಜಾಲಿಮುಳ್ಳೂ ನೆಗ್ಗಿಲಮುಳ್ಳೂ ಹೇರಳ. ಹವಾ ಇಳಿದಿದ್ದೆಲ್ಲ ಪಂಕ್ಚರಲ್ಲ. ಹಳೇ ಮಾದರಿಯ ವಾಲ್‌ನೊಳಗೆ ಸಣ್ಣ ರಬ್ಬರ್ ಕೊಳವೆ ಇರುತ್ತದೆ, ಬಿಸಿಲಿಗೆ ಅದು ಸೀಳುತ್ತದೆ. ವಾಲ್ ಬಾಯಿಗೆ ಉಗುಳು ಹಚ್ಚಿ. ಗುಳ್ಳೆ ಎದ್ದರೆ ಆ ರಬ್ಬರು ಬದಲಿಸಿದರೆ ಮುಗಿಯಿತು. ಗುಳ್ಳೆ ಏಳದಿದ್ದರೆ ಟೈರಿನ ಒಂದು ಮಗ್ಗಲನ್ನು ವಾಲ್‌ಗೆ ಎದುರು ಬದಿಯಿಂದ ಎಬ್ಬಿಸಿ ಟ್ಯೂಬು ತೆಗೆಯಿರಿ. ತೂತು ಸಿಕ್ಕ ಕೂಡಲೇ ಪ್ಯಾಚ್ ಹಚ್ಚಲು ಓಡಬೇಡಿ, ಅದು ಎಲ್ಲಿದೆ ನೋಡಿ. ಹೊರಮೈಯಲ್ಲಿ ಸೂಜಿಮೊನೆಯಷ್ಟು ಇದ್ದರೆ ಮುಳ್ಳು. ಅಕ್ಕಪಕ್ಕ ಎರಡು ಸೀಳು ಇದ್ದರೆ ಹವಾ ಕಡಿಮೆ ಇಟ್ಟು ಗುಂಡಿಗೆ ಇಳಿಸಿದ್ದೀರಿ, ರಿಮ್ಮು ಟ್ಯೂಬನ್ನು ಕಚ್ಚಿದೆ. ಒಳಮೈಯಲ್ಲಿ, ರಿಮ್ಮಿನ ಕಡೆ ಇದ್ದರೆ ಗಾಲಿಯ ಕಡ್ಡಿಗಳ ತುದಿ ಮುಚ್ಚಲು ರಿಮ್ಮಿನೊಳಗೆ ಸುತ್ತಿದ ಅರಿವೆಯ ಪಟ್ಟಿ ಸರಿದು ಕಡ್ಡಿಯ ತುದಿ ಚುಚ್ಚಿದೆ. ಆ ಪಟ್ಟಿ ಸರಿಮಾಡದೆ ಎಷ್ಟು ಪ್ಯಾಚ್ ಹಚ್ಚಿದರೂ ಅದೇ ಹಾಡು.

ತೂತಿನ ಸುತ್ತ ಉಜ್ಜುಕಾಗದದಿಂದ ಹೊಳಪು ಹೋಗುವ ತನಕ ತಿಕ್ಕಿ. ಪ್ಯಾಚಿಗಿಂತ ಸ್ವಲ್ಪ ಅಗಲಕ್ಕೆ ಸಲ್ಯೂಷನ್ ತೆಳ್ಳಗೆ ಸವರಿ, ಐದು ನಿಮಿಷ ಕಾಯಿರಿ. ಎಲ್ಲರೂ ಕೆಡಿಸುವುದು ಇಲ್ಲೇ. ಹಸಿ ಇರುವಾಗಲೇ ಅಂಟಿಸಿದರೆ ಪ್ಯಾಚ್ ಜಾರುತ್ತದೆ. ಬೆರಳು ಮುಟ್ಟಿಸಿದಾಗ ಅಂಟಿನ ಎಳೆ ಬರಬಾರದು, ಆಗ ಅಂಟಿಸಿ ನಡುವಿನಿಂದ ಅಂಚಿಗೆ ಒತ್ತಿ. ಸುತ್ತ ಉಳಿದ ಅಂಟಿಗೆ ಪೌಡರು ಇಲ್ಲವೇ ಸೀಮೆಸುಣ್ಣದ ಪುಡಿ ಉದುರಿಸಿ. ಟ್ಯೂಬು ಒಳಗೆ ಹಾಕುವ ಮೊದಲು ಟೈರಿನ ಒಳಮೈ ಪೂರ್ತಿ ಹತ್ತಿ ಆಡಿಸಿ. ಮುರಿದ ಮುಳ್ಳಿನ ಮೊನೆ ಇದ್ದರೆ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ, ಬೆರಳಿಗೂ ಗಾಯವಿಲ್ಲ. ಟ್ಯೂಬಿಗೆ ಆಕಾರ ಬರುವಷ್ಟು ಹವಾ ಹಾಕಿ, ಟೈರಿನ ಕೊನೆಯ ಗೇಣನ್ನು ಹೆಬ್ಬೆರಳಿಂದಲೇ ಕೂಡಿಸಿ. ಅಲ್ಲಿ ಪಾನಾ ತೂರಿಸಿದರೆ ಹೊಸ ತೂತು ಖಾತ್ರಿ. ಹವಾ ಎಷ್ಟಿರಬೇಕು ಎಂಬುದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ.

ಎಲ್ಲಿಗೆ ಹೋಗುವುದು? ವಿಜಯಪುರದವರಿಗೆ ಮೊದಲ ತಿಂಗಳಿಗೆ ಇಬ್ರಾಹಿಂ ರೋಜಾ ದಾಟಿ ತೊರವಿಯವರೆಗೆ ಹೋಗಿ ಬರುವುದು ಸಾಕು. ಕಾಲು ಪಳಗಿದ ಮೇಲೆ ಸಿಂದಗಿ ರಸ್ತೆಯ ಕುಮಟಗಿ, ಸುಮಾರು 20 ಕಿಲೋಮೀಟರ್. ಆದಿಲ್‌ಶಾಹಿ ಕಾಲದ ಜಲಮಹಲು ನೋಡಿ, ಬುತ್ತಿ ತಿಂದು, ಬಿಸಿಲೇರುವ ಮೊದಲು ಮರಳಬಹುದು. ಸೊಲ್ಲಾಪುರ-ಹುಬ್ಬಳ್ಳಿ ಹೆದ್ದಾರಿ ಮಾತ್ರ ಬೇಡ. ದೂರವನ್ನು ವಾರಕ್ಕೆ ನೂರಕ್ಕೆ ಹತ್ತರಷ್ಟು ಹೆಚ್ಚಿಸಿ, ಅದಕ್ಕಿಂತ ಅವಸರ ಯಾಕೆ?

ನಮ್ಮ ಕಡೆ ಏರು ಇಲ್ಲ ಎಂದು ಹಿಗ್ಗಬೇಡಿ, ಆಷಾಢದ ಗಾಳಿ ಇದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿ ಪಡುವಣದಿಂದ ಬೀಸುತ್ತದೆ. ಆ ತಿಂಗಳುಗಳಲ್ಲಿ ಮೊದಲು ಪಶ್ಚಿಮಕ್ಕೆ, ಅಂದರೆ ತೊರವಿ-ತಿಕೋಟಾ ಕಡೆಗೆ ಹೊರಡಿ. ಮೈಯಲ್ಲಿ ಕಸುವು ಇರುವಾಗ ಗಾಳಿ ಎದುರಿಸಿ, ದಣಿದು ಬರುವಾಗ ಅದು ಬೆನ್ನು ನೂಕಲಿ. ಉಲ್ಟಾ ಮಾಡಿದವರು ಕುಮಟಗಿಗೆ ಹಾರಿಕೊಂಡು ಹೋಗುತ್ತಾರೆ, ಬರುವಾಗ ಟಂಟಂ ಹುಡುಕುತ್ತಾರೆ. ಮಳೆ ಬಿದ್ದ ದಿನ ಎರೆಹೊಲದ ದಾರಿಗೆ ಇಳಿಯಬೇಡಿ. ಎರೆಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿ ಗಾಲಿಯನ್ನೇ ನಿಲ್ಲಿಸುತ್ತದೆ. ಸಿಕ್ಕಿಬಿದ್ದರೆ ನೂಕಬೇಡಿ, ಎತ್ತಿಕೊಂಡು ಡಾಂಬರಿಗೆ ಬಂದು ಕಡ್ಡಿಯಿಂದ ಕೆರೆಯಿರಿ. ಪೈಪಿನ ನೀರಿನ ರಭಸವನ್ನು ಬೇರಿಂಗಿನ ಮೇಲೆ ಬಿಟ್ಟರೆ ಗ್ರೀಸು ತೊಳೆದುಹೋಗುತ್ತದೆ.

ಕಬ್ಬಿನ ಹಂಗಾಮಿನಲ್ಲಿ, ಅದರಲ್ಲೂ ಬಾಗಲಕೋಟೆ-ಜಮಖಂಡಿ ಕಡೆಯವರು, ಬೆಳಕು ಹರಿಯುವ ತನಕ ಹೊರಗೆ ಬೀಳಬೇಡಿ. ಎರಡು ಡಬ್ಬಿ ಎಳೆಯುವ ಟ್ರ್ಯಾಕ್ಟರಿನ ಹಿಂದೆ ದೀಪವಿರುತ್ತದೆ ಎಂದು ನಂಬುವಂತಿಲ್ಲ, ಹೇರು ಬೇರೆ ಅಗಲಕ್ಕೆ ಚಾಚಿರುತ್ತದೆ. ಡಿಸೆಂಬರ್-ಜನವರಿಯಲ್ಲಿ ಸೂರ್ಯ ಹುಟ್ಟುವುದೇ ಏಳರ ಹತ್ತಿರ. ಏಪ್ರಿಲ್-ಮೇದಲ್ಲಿ ಎಂಟರೊಳಗೆ ಮನೆ ಸೇರಿರಬೇಕು. ಹೆಲ್ಮೆಟ್ಟು ಹುಬ್ಬಿನ ಮೇಲೆ ಎರಡು ಬೆರಳು ಬಿಟ್ಟು ನೇರ ಕೂಡಲಿ, ಹಣೆ ತೆರೆದು ಹಿಂದಕ್ಕೆ ಸರಿದದ್ದು ಹಾಕಿಯೂ ಹಾಕದಂತೆಯೇ.

ಊಟದ ಬಗ್ಗೆ ಪೊಟ್ಟಣದ ಪುಡಿಗಳ ಜಾಹೀರಾತು ನಂಬಬೇಡಿ. ಹೊರಡುವ ಮೊದಲು ಒಂದು ಬಾಳೆಹಣ್ಣು, ಬುತ್ತಿಯಲ್ಲಿ ಶೇಂಗಾ ಉಂಡಿ, ಬಂದ ಮೇಲೆ ರೊಟ್ಟಿ, ಶೇಂಗಾ ಹಿಂಡಿ, ಮಜ್ಜಿಗೆ. ತಾಸಿಗೆ ಅರ್ಧ ಲೀಟರ್ ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ. ಬೇಸಿಗೆಯಲ್ಲಿ ಬೆವರು ವಿಪರೀತ ಹೋದಾಗ ಒಂದು ಲೀಟರ್ ನೀರಿಗೆ ಆರು ಮಟ್ಟಸ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು.

ಈಗ ಮನೆಯ ಮಾತು. ನಳಕ್ಕೆ ನೀರು ಬರುವ ದಿನ ಸವಾರಿ ಇಲ್ಲ. ನಮ್ಮ ಊರುಗಳಲ್ಲಿ ಇದಕ್ಕಿಂತ ದೊಡ್ಡ ನಿಯಮ ಇಲ್ಲ ನೋಡ್ರಿ. ಅವ್ವ ಒಬ್ಬಳೇ ಕೊಡ ತುಂಬುತ್ತಿರುವಾಗ ಮಗ ಹೆಲ್ಮೆಟ್ ಹಾಕಿಕೊಂಡು ಹೊರಟರೆ ಆ ಸೈಕಲ್ ಬಹಳ ದಿನ ಬಾಳುವುದಿಲ್ಲ, ಬಾಳಬಾರದು ಕೂಡ. ವಾರದಲ್ಲಿ ಎರಡು ದಿನ 40 ನಿಮಿಷ, ರವಿವಾರ ಎರಡು ತಾಸು. ಇಷ್ಟನ್ನು ಮೊದಲೇ ಮನೆಯಲ್ಲಿ ಮಾತಾಡಿ ಗೊತ್ತು ಮಾಡಿಕೊಳ್ಳಿ. ಹೊರಡುವಾಗ ದಾರಿ ಯಾವುದು, ಎಷ್ಟೊತ್ತಿಗೆ ಮರಳುವುದು ಎಂದು ಹೇಳಿ. ಒಂಬತ್ತಕ್ಕೆ ಅಂದವರು ಒಂಬತ್ತಕ್ಕೇ ಬಾಗಿಲಲ್ಲಿರಬೇಕು. ತಡವಾಗುವುದಾದರೆ ಪಂಕ್ಚರ್ ಬಿಚ್ಚುವ ಮೊದಲು ಫೋನು. ಹೆಣ್ಣುಮಕ್ಕಳ ತಂದೆ-ತಾಯಂದಿರಿಗೆ ಒಂದು ಮಾತು: ಮಗನಿಗೆ ಹಾಕಿದ ನಿಯಮವನ್ನೇ ಮಗಳಿಗೂ ಹಾಕಿ, ಅದಕ್ಕಿಂತ ಹೆಚ್ಚೂ ಬೇಡ, ಕಡಿಮೆಯೂ ಬೇಡ. ಭಯವಿದ್ದರೆ ಇಬ್ಬರು-ಮೂವರು ಗೆಳತಿಯರನ್ನು ಕೂಡಿಸಿ ಕಳಿಸಿ, ಮನೆಯಲ್ಲೇ ಕೂಡಿಸಬೇಡಿ.

ಖರ್ಚನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪ್ಯಾಚು, ಎಣ್ಣೆ, ಬ್ರೇಕ್ ರಬ್ಬರು, ಯಾವ ದಿನ, ಎಷ್ಟು. ಅಪ್ಪ ಕೇಳಿದಾಗ ತೋರಿಸಲಿಕ್ಕೆ ಮಾತ್ರವಲ್ಲ, ಟೈರು ಎಷ್ಟು ತಿಂಗಳು ಬಂತು ಎಂದು ನಿಮಗೇ ತಿಳಿಯುತ್ತದೆ. ದಾರಿಯಲ್ಲಿ ಕುರಿಹಿಂಡು ಎದುರಾದರೆ ಗಂಟೆ ಬಾರಿಸಿ ಚೆದುರಿಸಬೇಡಿ, ಇಳಿದು ನಿಲ್ಲಿ, ಎರಡು ನಿಮಿಷದ ಮಾತು. ತಿಕೋಟಾ ಕಡೆಯ ದ್ರಾಕ್ಷಿ ತೋಟಕ್ಕೆ ಕೈ ಹಾಕಬೇಡಿ. ಅದು ಇನ್ನೊಬ್ಬರ ವರ್ಷದ ದುಡಿಮೆ ಎಂಬುದು ಒಂದು, ಹಿಂದಿನ ಸಂಜೆಯಷ್ಟೇ ಔಷಧ ಹೊಡೆದಿರಬಹುದು ಎಂಬುದು ಇನ್ನೊಂದು. ಪಂಪು ಇರುವವರು ಪಂಪು ಕೇಳಿದ ಯಾರಿಗೂ ಇಲ್ಲ ಅನ್ನಬಾರದು, ಹಾಲಿನ ಕ್ಯಾನು ಕಟ್ಟಿಕೊಂಡು ಹೊರಟ ಮುತ್ಯಾನ ಸೈಕಲ್ಲಿಗೆ ನಿಮ್ಮ ಸವಾರಿಗಿಂತ ಅವಸರ ಇರುತ್ತದೆ.

ಹೊರಗೆ ಅಂಗಳದಲ್ಲಿ ನಿಮ್ಮ ಸೈಕಲ್‌ಗಳು ನಿಂತಿವೆ. ಕಂಪಾಸ್ ಪೆಟ್ಟಿಗೆಯ ಸಣ್ಣ ಸ್ಕೇಲು ಸಾಲದು, 12 ಇಂಚು ದಾಟುವ ಅಳತೆ ಪಟ್ಟಿ ಇದ್ದವರು ತನ್ನಿ. ಚೇನು ಅಳೆಯೋಣ, ಪ್ರಶ್ನೆಗಳನ್ನು ಅಲ್ಲೇ ಕೇಳಿ.