ಹೋಗುವ ಗಾಳಿ, ಬರುವ ಗಾಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಕಡೆ ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಒಂದು ಗಾಳಿ ಬರುತ್ತದೆ, ಅಲ್ವಾ? ಅಂಗಳದಲ್ಲಿ ಒಣಗಲು ಇಟ್ಟ ಹಪ್ಪಳದ ಮೇಲಿನ ಬಟ್ಟೆ ಹಾರುತ್ತದೆ. ತೆಂಗಿನ ಗರಿಗಳೆಲ್ಲ ಮೂಡು ಬದಿಗೆ ವಾಲುತ್ತವೆ. ಬಾಗಿಲು ದಢಾರನೆ ಬಡಿದುಕೊಳ್ಳುತ್ತದೆ. "ಗಾಳಿ ಬಂತು, ಬಾಗಿಲಿಗೆ ಕಲ್ಲು ಇಡು" ಎಂದು ನಮ್ಮಮ್ಮ ಒಳಗಿನಿಂದಲೇ ಕೂಗುತ್ತಿದ್ದರು. ನಲವತ್ತೆರಡು ವರ್ಷ ಆ ಗಾಳಿ ನನಗೆ ಅಷ್ಟೇ ಆಗಿತ್ತು, ಬಾಗಿಲಿಗೆ ಕಲ್ಲು ಇಡುವ ಹೊತ್ತು. ಈಗ ಅದೇ ಗಾಳಿ ಬಂದರೆ ಕೂತಲ್ಲಿ ಕೂರಲು ಆಗುವುದಿಲ್ಲ. ಎದ್ದು ಹೋಗಿ ತೆಂಗಿನ ಗರಿ ನೋಡುತ್ತೇನೆ. ಎಷ್ಟು ವಾಲಿದೆ, ಒಂದೇ ಸಮ ವಾಲಿದೆಯಾ ಅಥವಾ ಬಿಟ್ಟು ಬಿಟ್ಟು ವಾಲುತ್ತಿದೆಯಾ ಎಂದು.

ನಾನು ಉಡುಪಿ ಹತ್ತಿರದ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವವಳು. ಎರಡು ವರ್ಷದಿಂದ ವಿಂಡ್‌ಸರ್ಫಿಂಗ್ ಕಲಿಯುತ್ತಿದ್ದೇನೆ. ಇವತ್ತು ಅದರ ಬಗ್ಗೆಯೇ ನಿಮ್ಮ ಜೊತೆ ಮಾತಾಡಬೇಕು ಎಂದು ಬಂದೆ.

ಸರ್ಫಿಂಗ್ ಎಂದರೆ ನಮ್ಮವರಿಗೆ ಈಗ ಹೊಸತಲ್ಲ. ಮೂಲ್ಕಿಯಲ್ಲಿ 2004ರಿಂದ ಕಲಿಸುತ್ತಿದ್ದಾರೆ, ಸಸಿಹಿತ್ಲಿನಲ್ಲಿ ದೇಶಮಟ್ಟದ ಸ್ಪರ್ಧೆಗಳೇ ನಡೆದಿವೆ. ಅದು ತೆರೆಯ ಆಟ. ತೆರೆ ಬರಬೇಕು, ಅದರ ಮೇಲೆ ಜಾರಬೇಕು. ವಿಂಡ್‌ಸರ್ಫಿಂಗ್ ಗಾಳಿಯ ಆಟ. ಕಾಲ ಕೆಳಗೆ ಒಂದು ಬೋರ್ಡು, ಅದರ ನಡುವೆ ಒಂದು ಕಂಬ, ಕಂಬಕ್ಕೆ ಹಾಯಿ. ಹಾಯಿಯ ಎರಡೂ ಬದಿಗೆ ಎದೆಯ ಮಟ್ಟದಲ್ಲಿ ಬಿಲ್ಲಿನ ಹಾಗೆ ಬಾಗಿದ ಒಂದು ಹಿಡಿ ಇರುತ್ತದೆ. ಅದಕ್ಕೆ ಬೂಮ್ ಎನ್ನುತ್ತಾರೆ. ಅದನ್ನು ಹಿಡಿದು ನಿಂತುಕೊಂಡೇ ಹೋಗುವುದು. ತೆರೆ ಇಲ್ಲದ ಹೊಳೆಯಲ್ಲೂ ಆಗುತ್ತದೆ. ಹಾಗಾಗಿಯೇ ಇದು ನಮ್ಮ ಊರಿಗೆ ಹೇಳಿ ಮಾಡಿಸಿದ ಹಾಗಿದೆ ಎಂದು ನನಗೆ ಅನಿಸುವುದು. ಹೊಳೆ, ಅಳಿವೆ, ಹಿನ್ನೀರು ನಮ್ಮಲ್ಲಿ ಎಷ್ಟು ಬೇಕೋ ಅಷ್ಟಿದೆ.

ಇಡೀ ಸಲಕರಣೆಯ ಜೀವ ಇರುವುದು ಕಂಬದ ಬುಡದಲ್ಲಿ. ಅಲ್ಲಿ ಹಿಡಿಯಷ್ಟು ದಪ್ಪದ ಒಂದು ರಬ್ಬರ್ ತುಂಡು. ಅದು ಎತ್ತ ಬೇಕಾದರೂ ಬಾಗುತ್ತದೆ, ಗುಂಡಗೆ ತಿರುಗುತ್ತದೆ. ದೋಣಿಯ ಕಂಬ ನೆಟ್ಟಗೆ ನಿಲ್ಲುತ್ತದೆ. ಇದು ನಿಲ್ಲುವುದಿಲ್ಲ, ನಾವು ಹಿಡಿದರೆ ಮಾತ್ರ ನಿಲ್ಲುತ್ತದೆ. ಮತ್ತೆ ಇದಕ್ಕೆ ಚುಕ್ಕಾಣಿ ಇಲ್ಲ. ಹಾಗಾದರೆ ತಿರುಗಿಸುವುದು ಹೇಗೆ? ಹಾಯಿಯನ್ನೇ ವಾಲಿಸಬೇಕು. ಬೋರ್ಡಿನ ಅಡಿಯಲ್ಲಿ ನೀರಿಗೆ ಇಳಿದ ಒಂದು ಹಲಗೆ ಇರುತ್ತದೆ. ಹಾಯಿಯನ್ನು ಮುಂದಕ್ಕೆ ವಾಲಿಸಿದರೆ ಗಾಳಿಯ ಒತ್ತಡ ಆ ಹಲಗೆಗಿಂತ ಮುಂದೆ ಬೀಳುತ್ತದೆ. ಆಗ ಬೋರ್ಡಿನ ಮೂತಿ ಗಾಳಿಗೆ ಬೆನ್ನು ಹಾಕುವ ಕಡೆ ತಿರುಗುತ್ತದೆ. ಹಿಂದಕ್ಕೆ ವಾಲಿಸಿದರೆ ಮೂತಿ ಗಾಳಿಯ ಕಡೆಗೇ ಏರುತ್ತದೆ. ಅಷ್ಟೇ. ಕೇಳಲು ಸುಲಭ, ಆದರೆ ಕೈಕಾಲಿಗೆ ಅರ್ಥ ಆಗಲು ನನಗೆ ಮೂರು ತಿಂಗಳು ಬೇಕಾಯಿತು.

ಇದನ್ನು ಕಂಡುಹಿಡಿದವರು ಯಾರು ಎನ್ನುವುದಕ್ಕೆ ಕೋರ್ಟಿನಲ್ಲೇ ಜಗಳ ಆಗಿದೆ. 1964ರಲ್ಲಿ ಅಮೆರಿಕದ ನ್ಯೂಮನ್ ಡಾರ್ಬಿ ಹಾಯಿ ಇರುವ ಹಲಗೆ ಮಾಡಿದರು. ಕ್ಯಾಲಿಫೋರ್ನಿಯಾದ ಜಿಮ್ ಡ್ರೇಕ್ ಮತ್ತು ಹಾಯ್ಲ್ ಶ್ವೈಟ್ಜರ್ 1968ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಆಮೇಲೆ ಇಂಗ್ಲೆಂಡಿನ ಕೋರ್ಟಿನಲ್ಲಿ ಪೀಟರ್ ಚಿಲ್ವರ್ಸ್ ಎಂಬವರ ಹೆಸರು ಬಂತು. 1958ರಲ್ಲಿ, ಹನ್ನೆರಡು ವರ್ಷದ ಹುಡುಗನಾಗಿದ್ದಾಗ, ಅವರು ಹೇಲಿಂಗ್ ದ್ವೀಪದ ಹತ್ತಿರ ಇಂಥದ್ದೇ ಒಂದನ್ನು ಮಾಡಿ ಆಡಿದ್ದರಂತೆ. ಕೋರ್ಟು ಆ ಮಾತನ್ನು ಒಪ್ಪಿತು. ನನಗೆ ಈ ಹುಡುಗನ ಕತೆ ತುಂಬಾ ಇಷ್ಟ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆ ಈ ಆಟ ಬಂತು. ಹೆಂಗಸರಿಗೆ ಬೇರೆಯೇ ಸ್ಪರ್ಧೆ ಸಿಕ್ಕಿದ್ದು 1992ರಲ್ಲಿ, ಬಾರ್ಸಿಲೋನಾದಲ್ಲಿ. ನಮ್ಮ ದೇಶದ ಇಬಾದ್ ಅಲಿ 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸಿನಲ್ಲಿ ಕಂಚು ಗೆದ್ದರು. ಆ ದಿನ ಸಂಘದಲ್ಲಿ ನಾನು ಎಲ್ಲರಿಗೂ ಲಾಡು ಹಂಚಿದೆ. ಯಾಕೆ ಎಂದು ಕೇಳಿದವರಿಗೆಲ್ಲ ಹೇಳಿದೆ.

ನಾನು ಮೊದಲ ಪಾಠ ಕಲಿತದ್ದು ಗೋವಾದಲ್ಲಿ, ಐದು ದಿನ. ಆಮೇಲೆ ಅಲ್ಲಿಂದಲೇ ಒಂದು ಹಳೇ ಬೋರ್ಡು ಕೊಂಡು ಲಾರಿಯಲ್ಲಿ ತರಿಸಿದೆ. ಇನ್ನೂರು ಲೀಟರಿನ ಬೋರ್ಡು. ಲೀಟರ್ ಲೆಕ್ಕ ಯಾಕೆಂದರೆ, ಒಂದು ಲೀಟರ್ ಜಾಗ ಸುಮಾರು ಒಂದು ಕಿಲೋ ಭಾರ ಹೊರುತ್ತದೆ. ನನ್ನ ತೂಕ, ಬೋರ್ಡಿನ ತೂಕ, ಹಾಯಿಯ ತೂಕ ಎಲ್ಲ ಸೇರಿಸಿದರೂ ಇನ್ನೂ ನೂರು ಲೀಟರ್ ಉಳಿಯುತ್ತದೆ. ಕಲಿಯುವವರಿಗೆ ಹೀಗೆ ಜಾಸ್ತಿ ಲೀಟರಿನದ್ದೇ ಬೇಕು. ಸಣ್ಣ ಬೋರ್ಡು ಚಂದ ಕಾಣುತ್ತದೆ, ಆದರೆ ನಿಂತ ಕೂಡಲೇ ಅಲುಗಾಡಿ ಬೀಳಿಸುತ್ತದೆ.

ಮೊದಲ ದಿನಗಳಲ್ಲಿ ಆಗುವುದು ಒಂದೇ ಕೆಲಸ, ಬಿದ್ದ ಹಾಯಿಯನ್ನು ಎತ್ತುವುದು. ಹಾಯಿ ನೀರಿನ ಮೇಲೆ ಅಂಗಾತ ಮಲಗಿರುತ್ತದೆ. ನೀವು ಬೋರ್ಡಿನ ಮೇಲೆ ಎದ್ದು, ಕಂಬದ ಎರಡು ಬದಿಗೆ ಕಾಲಿಟ್ಟು, ಗಾಳಿಗೆ ಬೆನ್ನು ಮಾಡಿ ನಿಲ್ಲಬೇಕು. ದಪ್ಪ ಹಗ್ಗ ಒಂದಿರುತ್ತದೆ, ಅದನ್ನು ಹಿಡಿದು ಎಳೆಯಬೇಕು. ಬಾವಿಯಿಂದ ಕೊಡಪಾನ ಸೇದಿದ ಹಾಗೆ ಎಳೆದರೆ ಸೊಂಟ ಹಿಡಿದುಕೊಳ್ಳುತ್ತದೆ. ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು, ಮೈಭಾರವನ್ನು ಹಿಂದಕ್ಕೆ ಬಿಡಬೇಕು ಅಷ್ಟೇ. ಮೊದಲು ಹಾಯಿ ಅಲುಗುವುದೇ ಇಲ್ಲ, ಅದರ ಮೇಲೆ ಅಷ್ಟು ನೀರು ನಿಂತಿರುತ್ತದೆ. ಸುಮ್ನೆ ಕಾಯಬೇಕು. ಒಂದು ತುದಿ ಏಳುತ್ತದೆ. ನೀರು ಸರ್ರನೆ ಜಾರಿ ಇಳಿಯುತ್ತದೆ. ಅದೇ ಕ್ಷಣ ಹಾಯಿ ಹತ್ತಿಯ ಹಾಗೆ ಹಗುರ ಆಗುತ್ತದೆ. ಆ ಕ್ಷಣಕ್ಕೆ ನೀವು ಎಳೆಯುವುದನ್ನು ಕಮ್ಮಿ ಮಾಡದಿದ್ದರೆ ಹಾಯಿ ಸಮೇತ ಹಿಂದಕ್ಕೆ ಬೀಳುತ್ತೀರಿ. ಕಮ್ಮಿ ಮಾಡಿದರೆ ಹಾಯಿ ನಿಮ್ಮೆದುರು ಪಟಪಟ ಎನ್ನುತ್ತಾ ನಿಲ್ಲುತ್ತದೆ. ಆಗ ಒಂದು ಕೈ ಬೂಮಿಗೆ. ಇನ್ನೊಂದು ಕೈ ಬೂಮಿಗೆ. ಹಿಂದಿನ ಕೈಯಿಂದ ಮೆಲ್ಲ ಒಳಗೆ ಎಳೆದ ಕೂಡಲೇ ಪಟಪಟ ನಿಂತುಹೋಗುತ್ತದೆ. ಒಂದು ಗಳಿಗೆ ಸದ್ದೇ ಇಲ್ಲ. ಆಮೇಲೆ ಬೋರ್ಡಿನ ಅಡಿಯಿಂದ ನೀರು ಗುಳುಗುಳು ಎನ್ನುವ ಸಣ್ಣ ಸದ್ದು ಶುರುವಾಗುತ್ತದೆ. ನೀವು ಹೋಗುತ್ತಿದ್ದೀರಿ. ಮೊದಲ ಸಲ ಆ ಸದ್ದು ಕೇಳಿದಾಗ ನನ್ನ ಕಣ್ಣಲ್ಲಿ ನೀರು ಬಂತು.

ಈಗ ಒಂದು ಬೆಳಿಗ್ಗೆಯ ವಿಷಯ ಹೇಳಬೇಕು. ಡಿಸೆಂಬರ್ ತಿಂಗಳು. ಗೋವಾದಿಂದ ಬಂದು ಎರಡು ವಾರ ಆಗಿತ್ತು ಅಷ್ಟೇ. ಮಲ್ಪೆಯಿಂದ ಬಡಗಿಗೆ ಒಂದು ಕಡಲ ತೀರದಲ್ಲಿ ಎಂಟೂವರೆಗೆ ಬೋರ್ಡು ಇಳಿಸಿದೆ. ಕಡಲು ತಟ್ಟೆಯ ಹಾಗೆ ಸಮ ಇತ್ತು. ಹಿತವಾದ ಗಾಳಿ. ಹಾಯಿ ಎತ್ತಿದೆ, ಬೋರ್ಡು ತಾನಾಗಿಯೇ ಹೊರಟಿತು. ಎಷ್ಟು ಚಂದ ಹೋಗುತ್ತಿದೆ ಎಂದು ಖುಷಿಪಟ್ಟೆ. ಹಿಂದಕ್ಕೆ ತಿರುಗಿ ನೋಡಿದಾಗ ದಡದ ತೆಂಗಿನ ಮರಗಳು ಗಿಡದ ಹಾಗೆ ಕಾಣುತ್ತಿದ್ದವು. ತಿರುಗಿಸಲು ನೋಡಿದೆ, ಬಿದ್ದೆ. ಎದ್ದೆ, ಮತ್ತೆ ಬಿದ್ದೆ. ಪ್ರತಿ ಸಲ ಬೀಳುವಾಗಲೂ ಇನ್ನಷ್ಟು ಪಡುವಣಕ್ಕೆ ಹೋಗುತ್ತಿದ್ದೆ. ಕೈ ಸೋತಿತು. ಕೊನೆಗೆ ಬೋರ್ಡಿನ ಮೇಲೆ ಕೂತು, ಎರಡೂ ಕೈ ಅಗಲಿಸಿ ಮೇಲೆ ಕೆಳಗೆ ಆಡಿಸಿದೆ. ಮೀನು ಹಿಡಿದು ಬರುತ್ತಿದ್ದ ಒಂದು ನಾಡದೋಣಿಯವರು ನೋಡಿ ಹತ್ತಿರ ಬಂದರು, ನನ್ನನ್ನೂ ಬೋರ್ಡನ್ನೂ ಎಳೆದು ತಂದು ದಡಕ್ಕೆ ಬಿಟ್ಟರು. ಅವರ ಋಣ ನನ್ನ ಮೇಲಿದೆ.

ದಡದಲ್ಲಿ ಬಲೆ ಸರಿ ಮಾಡುತ್ತಾ ಕೂತಿದ್ದ ಒಬ್ಬ ಮೊಗವೀರ ಅಜ್ಜ ಎಲ್ಲವನ್ನೂ ನೋಡಿದ್ದರು. ಬೈಯಲಿಲ್ಲ. "ಅವು ಪೋಪಿನ ಗಾಳಿ ಮಗಾ" ಎಂದರು. "ಬರ್ಪಿನ ಗಾಳಿಗ್ ನನ ಪೊರ್ತುಂಡು." ತುಳು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅದು ಹೋಗುವ ಗಾಳಿ, ಬರುವ ಗಾಳಿಗೆ ಇನ್ನೂ ಹೊತ್ತಿದೆ ಎಂದು.

ಆಮೇಲೆ ಅವರೇ ಬಿಡಿಸಿ ಹೇಳಿದರು. ಎಂಜಿನ್ ಇಲ್ಲದ ಕಾಲದಲ್ಲಿ ಇವರ ಹಿರಿಯರು ನಸುಕಿನ ಮೂಡುಗಾಳಿಗೆ ಹಾಯಿ ಬಿಚ್ಚಿ ಕಡಲಿಗೆ ಹೋಗುತ್ತಿದ್ದರು. ಮಧ್ಯಾಹ್ನ ಪಡುಗಾಳಿ ಎದ್ದ ಮೇಲೆ ಅದೇ ಹಾಯಿಯಲ್ಲಿ ಮನೆಗೆ ಬರುತ್ತಿದ್ದರು. ರಾತ್ರಿ ನೆಲ ಬೇಗ ತಣಿಯುತ್ತದೆ, ಕಡಲು ತಣಿಯುವುದಿಲ್ಲ. ಹಾಗಾಗಿ ನೆಲದ ಗಾಳಿ ಕಡಲ ಕಡೆ ಹರಿಯುತ್ತದೆ. ಹಗಲು ನೆಲ ಬೇಗ ಕಾಯುತ್ತದೆ, ಅದರ ಮೇಲಿನ ಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ಕಡಲಿನ ತಂಪು ಗಾಳಿ ನುಗ್ಗುತ್ತದೆ. ಇದನ್ನು ನಾನು ಏಳನೇ ಕ್ಲಾಸಿನಲ್ಲಿ ಚಿತ್ರ ಬರೆದು ಅಂಕ ತಗೊಂಡಿದ್ದೆ. ಆದರೆ ಕಡಲಿಗೆ ಇಳಿಯುವಾಗ ಅದು ನೆನಪಿಗೇ ಬರಲಿಲ್ಲ. ಕಡಲ ಬದಿಯಲ್ಲಿ ಹುಟ್ಟಿ ಬೆಳೆದ ನನಗೆ ಎರಡು ಗಾಳಿಯ ಹೆಸರೂ ಗೊತ್ತಿರಲಿಲ್ಲ ಎನ್ನುವುದು ಆ ದಿನ ತುಂಬಾ ನೋಯಿಸಿತು.

ಅಜ್ಜೇರ್ ಹತ್ತಿರ ನಾನು ಮತ್ತೆ ಮತ್ತೆ ಹೋದೆ. ಗಾಳಿಯನ್ನು ಕಣ್ಣಲ್ಲಿ ನೋಡುವುದು ಕಲಿಸಿದ್ದು ಅವರೇ. ಜೋರು ಗಾಳಿ ಬರುವ ಮೊದಲು ದೂರದಲ್ಲಿ ನೀರಿನ ಬಣ್ಣ ಕಪ್ಪಾಗುತ್ತದೆ. ನೀರಿನ ಮೇಲೆ ಸಣ್ಣ ಸಣ್ಣ ಸುಕ್ಕು ಎದ್ದು ಬೆಳಕು ಬೇರೆ ಥರ ಬೀಳುವುದರಿಂದ ಹಾಗೆ. "ತೂಲ, ನೀರ್ ಕಪ್ಪಾಂಡ್" ಎಂದು ಅವರು ದಡದಿಂದ ಕೈ ತೋರಿಸುತ್ತಿದ್ದರು. ನಾನು ಹತ್ತು ಎಣಿಸುವಷ್ಟರಲ್ಲಿ ಗಾಳಿ ಬಂದು ಹಾಯಿಗೆ ಹೊಡೆಯುತ್ತಿತ್ತು. ಈಗ ನನಗೂ ಆ ಕಪ್ಪು ಕಾಣುತ್ತದೆ. ಕಂಡ ಕೂಡಲೇ ಮಂಡಿ ಬಗ್ಗಿಸಿ ಮೈಯನ್ನು ಹಿಂದಕ್ಕೆ ಬಿಡುತ್ತೇನೆ.

ನಾನು ಈಗ ಆಡುವುದು ಕೋಡಿಬೆಂಗ್ರೆಯ ಹೊಳೆ ಬದಿಯಲ್ಲಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಸುವರ್ಣಾ ನದಿ, ನಡುವೆ ಉದ್ದಕ್ಕೆ ಮರಳಿನ ಪಟ್ಟಿ. ಪಡುಗಾಳಿ ಆ ಪಟ್ಟಿಯನ್ನು ದಾಟಿ ಹೊಳೆಗೆ ಇಳಿಯುತ್ತದೆ. ಬಿದ್ದು ಸೋತರೂ ಗಾಳಿ ನಿಮ್ಮನ್ನು ಆಚೆ ದಡಕ್ಕೆ ಮುಟ್ಟಿಸುತ್ತದೆ, ಕಡಲಿಗೆ ಅಲ್ಲ. ತೆಂಗಿನ ಮರಗಳ ಬುಡದಲ್ಲಿ ಗಾಳಿ ಮುರಿದುಹೋಗಿರುತ್ತದೆ, ಹಾಗಾಗಿ ಸ್ವಲ್ಪ ನಡು ಹೊಳೆಗೆ ಬರಬೇಕು. ಆದರೆ ಇಲ್ಲೂ ಒಂದು ಅಪಾಯ ಇದೆ. ನೀರು ಇಳಿಯುವ ಹೊತ್ತಿಗೆ ಹೊಳೆಯೆಲ್ಲ ಅಳಿವೆ ಬಾಗಿಲಿನ ಕಡೆ ಎಳೆಯುತ್ತದೆ. ಆ ಎಳೆತ ಎಷ್ಟೆಂದು ದಡದಲ್ಲಿ ನಿಂತವರಿಗೆ ಗೊತ್ತಾಗುವುದಿಲ್ಲ. ನಾನು ಉಬ್ಬರ ಏರುವ ಹೊತ್ತಿಗೆ ಮಾತ್ರ ಇಳಿಯುತ್ತೇನೆ. ಅದು ದಿನಕ್ಕೆ ಸುಮಾರು ಐವತ್ತು ನಿಮಿಷ ತಡ ಆಗುತ್ತಾ ಹೋಗುತ್ತದೆ. ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಹಾಳೆಯಲ್ಲಿ ಈಗ ಉಬ್ಬರದ ಲೆಕ್ಕವೂ ಇದೆ.

ಕಲಿಯುವ ಆಸೆ ಇರುವವರಿಗೆ ಕೆಲವು ಮಾತು. ಈಜು ಬರಲೇಬೇಕು. ಬಂದರೂ ಲೈಫ್ ಜಾಕೆಟ್ ಬೇಕು. ಏನೇ ಆದರೂ ಬೋರ್ಡು ಬಿಟ್ಟು ದಡಕ್ಕೆ ಈಜಲು ಹೋಗಬೇಡಿ, ಬೋರ್ಡು ಮುಳುಗುವುದಿಲ್ಲ, ನೀವು ದಣಿಯುತ್ತೀರಿ. ಒಬ್ಬರೇ ಹೋಗಬೇಡಿ, ದಡದಲ್ಲಿ ಒಬ್ಬರಾದರೂ ನೋಡುತ್ತಿರಲಿ. ಶುರುವಿಗೆ ಆರೇಳು ನಾಟ್ ಗಾಳಿ ಸಾಕು, ಅಂದರೆ ಗಂಟೆಗೆ ಹನ್ನೊಂದರಿಂದ ಹದಿಮೂರು ಕಿಲೋಮೀಟರ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲಿನ ಕಡೆ ನೋಡಲೇಬೇಡಿ. ಕೆಂಪು ನೀರು ಬರುವ ಹೊಳೆಯ ಕಡೆಗೂ ಬೇಡ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳೇ ದಡದಲ್ಲಿರುತ್ತವೆ. ನಾವೂ ಇರೋಣ. ಆ ದಿನಗಳಲ್ಲಿ ನಾನು ಹಾಯಿಯನ್ನು ಅಟ್ಟದಿಂದ ಇಳಿಸಿ ಹೊಲಿಗೆ ನೋಡುತ್ತೇನೆ, ರಬ್ಬರ್ ತುಂಡನ್ನು ಬಗ್ಗಿಸಿ ಬಿರುಕು ಬಿಟ್ಟಿದೆಯಾ ಎಂದು ಪರೀಕ್ಷೆ ಮಾಡುತ್ತೇನೆ. ಅದು ನಡು ನೀರಿನಲ್ಲಿ ತುಂಡಾದರೆ ಹಾಯಿ ಒಂದು ಕಡೆ, ನೀವು ಒಂದು ಕಡೆ.

ಇನ್ನೊಂದು ವಿಷಯ. ಕಳೆದ ಮಾರ್ಚ್‌ನಲ್ಲಿ ಒಂದು ಸಂಜೆ ಗಾಳಿ ಸ್ವಲ್ಪ ಬಡಗು ಬದಿಗೆ ತಿರುಗಿ ಜೋರಾಯಿತು. ನೀರು ಕಪ್ಪಾಯಿತು, ನಾನು ಹಿಂದಕ್ಕೆ ವಾಲಿದೆ. ಬೋರ್ಡಿನ ಮೂತಿ ಎದ್ದಿತು, ಗುಳುಗುಳು ಸದ್ದು ನಿಂತು ಚಟಚಟ ಎಂದು ಬೇರೆಯೇ ಸದ್ದು ಶುರುವಾಯಿತು. ಬೋರ್ಡು ನೀರನ್ನು ಸೀಳುವುದು ಬಿಟ್ಟು ನೀರಿನ ಮೇಲೆ ಜಾರುತ್ತಿತ್ತು. ಇದಕ್ಕೆ ಪ್ಲೇನಿಂಗ್ ಎನ್ನುತ್ತಾರೆ. ಬರೀ ನಾಲ್ಕೈದು ಸೆಕೆಂಡು ಇರಬಹುದು. ನನ್ನ ಕೈಗೆ ಭಾರವೇ ಇರಲಿಲ್ಲ. ದಡದಲ್ಲಿ ಅಜ್ಜೇರ್ ಬಲೆ ಬಿಟ್ಟು ಎದ್ದು ನಿಂತಿದ್ದರು.

ಬರುವ ಭಾನುವಾರ ಮಧ್ಯಾಹ್ನ ಎರಡು ಗಂಟೆ ಮೇಲೆ ಉಬ್ಬರ ಏರುತ್ತದೆ. ನಾನು ಹೊಳೆ ಬದಿಯಲ್ಲೇ ಇರುತ್ತೇನೆ. ನೋಡಬೇಕು ಅನಿಸಿದರೆ ಬನ್ನಿ. ಬಟ್ಟೆ ಒದ್ದೆ ಆದರೂ ಅಡ್ಡಿ ಇಲ್ಲ ಎನ್ನುವವರಿಗೆ ಹಾಯಿ ಎತ್ತುವ ಹಗ್ಗವನ್ನು ಕೈಗೆ ಕೊಡುತ್ತೇನೆ.

ನಮಸ್ಕಾರ.