ಸುಧಾರಿಸಿಕೊಳ್ಳುವುದೂ ದುಡಿಮೆಯೇ
(ದಾವಣಗೆರೆಯಲ್ಲಿ ಹಮಾಲರು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಅಣ್ಣಂದಿರೇ, ಹಿಂದೆ ಕೂತಿರುವ ಅಕ್ಕಂದಿರೇ, ಸ್ವಲ್ಪ ಮುಂದೆ ಬನ್ನಿ. ಕುರ್ಚಿ ಬೇಡ ಅನ್ನಿಸಿದವರು ಚಾಪೆ ಮೇಲೆ ಕೂತುಕೊಳ್ಳಿ. ಸೊಂಟ ನೋವಿದ್ದರೆ ಗೋಡೆಗೆ ಒರಗಿಕೊಳ್ಳಿ, ಸಂಕೋಚ ಬೇಡ. ಇವತ್ತಿನ ಮಾತೇ ಅದರ ಬಗ್ಗೆ.

ನಾನು ಫಿಸಿಯೋಥೆರಪಿಸ್ಟ್. ಅದಕ್ಕಿಂತ ಮೊದಲು ಒಬ್ಬ ಹಮಾಲರ ಮಗಳು. ನಮ್ಮಪ್ಪ ಭತ್ತದ ಚೀಲ ಹೊತ್ತವರು. ಆಗ ಕ್ವಿಂಟಾಲ್ ಚೀಲ, ಅಂದರೆ 100 ಕಿಲೋ. ಇಬ್ಬರು ಎತ್ತಿ ಬೆನ್ನಿಗೆ ಕೊಡುತ್ತಿದ್ದರು, ಒಬ್ಬರು ಹೊರುತ್ತಿದ್ದರು. ರಾತ್ರಿ ಅಪ್ಪ ಮನೆಗೆ ಬಂದರೆ ಅಮ್ಮ ಹಂಚಿನ ಮೇಲೆ ಕಲ್ಲುಪ್ಪು ಹುರಿಯುತ್ತಿದ್ದಳು. ಉಪ್ಪು ಚಟಪಟ ಸಿಡಿಯೋಕೆ ಶುರುವಾದಾಗ ಹಳೇ ಪಂಚೆಯ ತುಂಡಿನಲ್ಲಿ ಗಂಟು ಕಟ್ಟುತ್ತಿದ್ದಳು. ಮೊದಲು ತನ್ನ ಮುಂಗೈಗೆ ಮುಟ್ಟಿಸಿ ನೋಡಿ, ಆಮೇಲೆ ಅಪ್ಪನ ಸೊಂಟಕ್ಕೆ ಒತ್ತುತ್ತಿದ್ದಳು. ಅಪ್ಪ ಬೋರಲು ಮಲಗಿ, "ಹಾಂ, ಅಲ್ಲೇ, ಅಲ್ಲೇ" ಅನ್ನುತ್ತಿದ್ದರು. ಮುಂದೆ ನಾನು ಕಾಲೇಜಿಗೆ ಹೋದಾಗ ಶಾಖ ಕೊಡೋ ಪಾಠ ಬಂತು. ಶಾಖದ ಚೀಲವನ್ನು ರೋಗಿಗೆ ಇಡುವ ಮೊದಲು ನಿಮ್ಮ ಕೈಗೆ ಇಟ್ಟು ನೋಡಿ ಅಂದರು. ನನಗೆ ಅಮ್ಮನ ಮುಂಗೈ ನೆನಪಾಯಿತು.

ದಣಿದು ಬಂದವರಿಗೆ ನಮ್ಮ ಮನೆಗಳಲ್ಲಿ ಮೊದಲು ಹೇಳೋ ಮಾತು ಯಾವುದು? "ಸ್ವಲ್ಪ ಸುಧಾರಿಸ್ಕೋ." ನೀರು ಕೊಟ್ಟು, ಕೂರಿಸಿ ಹೇಳೋ ಮಾತು. ಇವತ್ತು ಕ್ರಿಕೆಟ್ ಆಡುವವರಿಗೆ ಇದಕ್ಕೇ ಅಂತ ಒಬ್ಬ ಫಿಸಿಯೋ ಇರುತ್ತಾರೆ, ಮಸಾಜ್ ಮಾಡುವವರು ಇರುತ್ತಾರೆ, ಐಸ್ ನೀರಿನ ತೊಟ್ಟಿ ಇರುತ್ತೆ. ಹಿಂದೆ ನಮ್ಮ ಗರಡಿ ಮನೆಗಳಲ್ಲೂ ಪೈಲ್ವಾನರಿಗೆ ಮಾಲೀಸು ತಪ್ಪುತ್ತಿರಲಿಲ್ಲ. ಚೀಲ ಹೊರುವವರಿಗೆ? ಲೆಕ್ಕ ಹಾಕಿ ನೋಡಿ. ಈಗಿನ 50 ಕಿಲೋ ಚೀಲವನ್ನೇ ಒಂದು ಲಾರಿಗೆ 200 ಏರಿಸಿದರೆ 10 ಟನ್. ನಾಲ್ಕು ಜನ ಹಂಚಿಕೊಂಡರೆ ತಲೆಗೆ ಎರಡೂವರೆ ಟನ್. ಅದು ಒಂದು ಲಾರಿ. ಸುಗ್ಗಿಯಲ್ಲಿ ಮೆಕ್ಕೆಜೋಳ ಬಂದಾಗ ದಿನಕ್ಕೆ ಎಷ್ಟು ಲಾರಿ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಅಮೆರಿಕದಲ್ಲಿ ಕೆಲಸದ ಜಾಗದ ಸುರಕ್ಷತೆ ಬಗ್ಗೆ ಸಂಶೋಧನೆ ಮಾಡುವ ಸರ್ಕಾರಿ ಸಂಸ್ಥೆ ನಿಯೋಶ್ ಅಂತ ಇದೆ. ಎತ್ತುವ ಭಾರಕ್ಕೆ ಅವರದೊಂದು ಸೂತ್ರ ಇದೆ. ಎಲ್ಲ ಅನುಕೂಲ ಇದ್ದಾಗ, ಅಂದರೆ ಭಾರ ಮೈಗೆ ಹತ್ತಿರ ಇದ್ದು, ಬಗ್ಗದೆ, ತಿರುಗದೆ ಎತ್ತುವಾಗ ಹೆಚ್ಚೆಂದರೆ 23 ಕಿಲೋ. ಅಲ್ಲಿಂದ ಲೆಕ್ಕ ಇಳಿಯುತ್ತಾ ಹೋಗುತ್ತೆ, ಏರಲ್ಲ. ನಮ್ಮದು ಅದರ ಎರಡರಷ್ಟರ ಮೇಲೆ. ಅದಕ್ಕೇ ಹೇಳ್ತೀನಿ, ಸುಧಾರಿಸಿಕೊಳ್ಳೋದು ಸೋಮಾರಿತನ ಅಲ್ಲ. ಅದು ನಿಮ್ಮ ಕೆಲಸದ್ದೇ ಒಂದು ಭಾಗ. ಅದಕ್ಕೆ ಬೇಕಾದ ಸಾಮಾನೂ ಕೆಲಸದ ಸಾಮಾನೇ.

ಮೊದಲು ಒಳಗೆ ಏನಾಗುತ್ತೆ ನೋಡೋಣ. ಬೆನ್ನಿನ ಎರಡು ಮೂಳೆಗಳ ನಡುವೆ ಒಂದೊಂದು ಮೆತ್ತೆ ಇದೆ. ಡಿಸ್ಕ್ ಅಂತೀವಲ್ಲ, ಅದು. ದೊಡ್ಡವರಾದ ಮೇಲೆ ಅದರೊಳಕ್ಕೆ ರಕ್ತನಾಳ ಹೋಗಲ್ಲ. ಸ್ಪಂಜಿನ ಹಾಗೆ ಸುತ್ತಲಿನಿಂದ ನೀರು, ಪೋಷಣೆ ಹೀರಿಕೊಂಡೇ ಬದುಕಬೇಕು. ಹಗಲೆಲ್ಲ ಭಾರಕ್ಕೆ ನೀರು ಹಿಂಡಿ ಹೋಗುತ್ತೆ, ರಾತ್ರಿ ಮಲಗಿದಾಗ ವಾಪಸ್ ತುಂಬುತ್ತೆ. ಬೆಳಿಗ್ಗೆ ನಾವು ಸಂಜೆಗಿಂತ ಒಂದು ಸೆಂಟಿಮೀಟರಿಗೂ ಜಾಸ್ತಿ ಎತ್ತರ ಇರೋದು ಇದಕ್ಕೇ. ನಿದ್ದೆ ಕಡಿಮೆಯಾದರೆ ಆ ಮೆತ್ತೆಗೆ ಊಟ ಕಡಿಮೆಯಾದ ಹಾಗೆ. ಇನ್ನೊಂದು ಮಾತು. ಎದ್ದ ಕೂಡಲೇ ಡಿಸ್ಕ್ ಉಬ್ಬಿರುತ್ತೆ, ಬೆನ್ನು ಬಿಗಿಯಾಗಿರುತ್ತೆ. ಆಗಲೇ ಬಗ್ಗಿ ಭಾರ ಎತ್ತಬೇಡಿ. ಮೊದಲು ಸ್ವಲ್ಪ ಓಡಾಡಿ, ಮೈ ಸಡಿಲ ಆಗಲಿ.

1960ರ ದಶಕದಲ್ಲಿ ಸ್ವೀಡನ್ನಿನ ನಾಕೆಮ್ಸನ್ ಅನ್ನೋ ಮೂಳೆ ವೈದ್ಯರು ಬದುಕಿರುವ ಜನರ ಡಿಸ್ಕಿಗೆ ಸೂಜಿ ಹಾಕಿ ಒತ್ತಡ ಅಳೆದರು. ನಿಂತಾಗ 100 ಅಂತ ಇಟ್ಟುಕೊಂಡರೆ, ಅಂಗಾತ ಮಲಗಿದಾಗ ಸುಮಾರು 25. ಕೈಯಲ್ಲಿ ಭಾರ ಹಿಡಿದು ಮುಂದಕ್ಕೆ ಬಗ್ಗಿದರೆ ಇನ್ನೂರು ದಾಟುತ್ತೆ. ಊಟದ ಹೊತ್ತಿನಲ್ಲಿ ಚೀಲದ ಮೇಲೆ ಕುಕ್ಕರುಗಾಲಲ್ಲಿ ಬಗ್ಗಿ ಕೂತು ಬೀಡಿ ಹಚ್ಚಿದರೆ ಕಾಲಿಗೆ ಆರಾಮ ಸಿಗಬಹುದು, ಸೊಂಟಕ್ಕೆ ಸಿಗಲ್ಲ.

ಹಾಗಾಗಿ ಮೊದಲ ಸಾಮಾನು ನಿಮ್ಮ ಕಣ್ಣ ಮುಂದೇ ಇದೆ. ಜೋಳದ ಚೀಲ! ನೆಲದ ಮೇಲೆ ಒಂದು ಖಾಲಿ ಗೋಣಿ ಹಾಸಿ. ಅಂಗಾತ ಮಲಗಿ. ತುಂಬಿದ ಚೀಲದ ಮೇಲೆ ಮೀನಖಂಡ ಪೂರ್ತಿ ಕೂರುವ ಹಾಗೆ ಎರಡೂ ಕಾಲು ಇಡಿ, ಮಂಡಿ ಮಡಚಿರಲಿ. ತಲೆ ಕೆಳಗೆ ಟವೆಲ್ ಸುತ್ತಿ ಇಟ್ಟುಕೊಳ್ಳಿ. ಹದಿನೈದು ನಿಮಿಷ ಸಾಕು. ಸೊಂಟ ನೆಲಕ್ಕೆ ಅಂಟಿಕೊಳ್ಳೋದು ನಿಮಗೇ ಗೊತ್ತಾಗುತ್ತೆ. ಕಾಲಿಗೆ ಇಳಿದ ರಕ್ತವೂ ವಾಪಸ್ ಏರುತ್ತೆ. ನನ್ನ ಕ್ಲಿನಿಕ್ಕಿನಲ್ಲಿ ಇದಕ್ಕೆ ದಪ್ಪ ದಿಂಬು ಇಟ್ಟಿದ್ದೀನಿ. ಕೆಲಸ ಎರಡರದೂ ಒಂದೇ.

ಈಗ ಶಾಖವೋ ಐಸೋ ಅನ್ನೋ ಪ್ರಶ್ನೆ. ಉಳುಕಿದ ಕೂಡಲೇ ಐಸ್ ಇಡಿ ಅಂತ ಎಲ್ಲರೂ ಹೇಳ್ತಾರೆ. 1978ರಲ್ಲಿ ಅಮೆರಿಕದ ಡಾಕ್ಟರ್ ಗೇಬ್ ಮರ್ಕಿನ್ ಅದನ್ನು ಜನಪ್ರಿಯ ಮಾಡಿದರು. ಮುಂದೆ ಅವರೇ, ಐಸ್ ಗಾಯ ಮಾಯೋದನ್ನು ನಿಧಾನ ಮಾಡಬಹುದು ಅಂತ ತಮ್ಮ ಮಾತು ತಿದ್ದಿಕೊಂಡರು. ನಾನು ಹೇಳೋದು ಇಷ್ಟು. ಕಾಲು ಉಳುಕಿ ಊದಿಕೊಂಡಾಗ ನೋವು ತಡೆಯೋಕೆ ಆಗದಿದ್ದರೆ, ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ನಿಮಿಷ ಇಡಿ. ಬರಿ ಚರ್ಮದ ಮೇಲೆ ಬೇಡ. ದಿನದ ಕೆಲಸಕ್ಕೆ ಬಿಗಿದುಕೊಂಡ ಸೊಂಟ, ಹೆಗಲಿಗೆ ಶಾಖವೇ ಸರಿ. ಬಿಸಿನೀರಿನ ಬ್ಯಾಗು ಆಗಲಿ, ನಮ್ಮಮ್ಮನ ಉಪ್ಪಿನ ಗಂಟೇ ಆಗಲಿ. ಆದರೆ ಊತ ಇರುವ ಹೊಸ ಪೆಟ್ಟಿಗೆ ಶಾಖ ಕೊಡಬೇಡಿ. ಸಕ್ಕರೆ ಕಾಯಿಲೆಯವರು ಜೋಪಾನ. ಪಾದ ಜೋಮು ಹಿಡಿದವರಿಗೆ ಬಿಸಿ ಗೊತ್ತಾಗಲ್ಲ, ಬೊಬ್ಬೆ ಎದ್ದ ಮೇಲೇ ಗೊತ್ತಾಗೋದು.

ಈಗ ಎಲ್ಲರ ಮೊಬೈಲಿನಲ್ಲೂ ಜಾಹೀರಾತು ಬರ್ತಿರೋ ಮಸಾಜ್ ಗನ್, ಅಂದರೆ ಸ್ನಾಯುವಿನ ಮೇಲೆ ಪಟಪಟ ಬಡಿಯೋ ಕೈ ಯಂತ್ರ. ಎರಡು ಮೂರು ಸಾವಿರಕ್ಕೆ ಸಿಗುತ್ತೆ. ಬಿಗಿದ ಸ್ನಾಯುವಿನ ಮೇಲೆ ಒಂದೆರಡು ನಿಮಿಷ ಆಡಿಸಿದರೆ ಹಾಯಾಗೋದು ನಿಜ. ಆದರೆ ಆ ಆರಾಮ ಸ್ವಲ್ಪ ಹೊತ್ತಿನದು. ಸವೆದದ್ದನ್ನು ಅದು ಸರಿ ಮಾಡಲ್ಲ. ಬೆನ್ನುಮೂಳೆ ಮೇಲೆ, ಕತ್ತಿನ ಮುಂಭಾಗಕ್ಕೆ, ಉಬ್ಬಿದ ನರಗಳ ಮೇಲೆ ಇಡಲೇಬಾರದು. ಒಂದೇ ಕಾಲಿನ ಮೀನಖಂಡ ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಗನ್ನೂ ಬೇಡ, ಮಾಲೀಸೂ ಬೇಡ, ಅವತ್ತೇ ಆಸ್ಪತ್ರೆಗೆ ಹೋಗಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಗನ್ನಿಗೆ ಅಷ್ಟು ದುಡ್ಡು ಕೊಡೋ ಮೊದಲು ಒಂದು ಟೆನಿಸ್ ಚೆಂಡು ತಗೊಳ್ಳಿ. ಗೋಡೆಗೂ ಹೆಗಲಿನ ಹಿಂಭಾಗಕ್ಕೂ ನಡುವೆ ಇಟ್ಟು, ಒತ್ತಿ, ನಿಧಾನವಾಗಿ ಮೈ ಹೊರಳಿಸಿ. ತೊಡೆಗೆ ಎರಡಡಿ ಪಿವಿಸಿ ಪೈಪಿಗೆ ಹಳೇ ಟವೆಲ್ ಸುತ್ತಿ ಉರುಳಿಸಿದರೆ ಆಯ್ತು.

ಸೊಂಟದ ಬೆಲ್ಟಿನ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡ್ತೀನಿ. ನಮ್ಮಪ್ಪನಿಗೆ ಯಾರೋ ಅಗಲದ ಬೆಲ್ಟು ತಂದುಕೊಟ್ಟಿದ್ದರು. ಕಟ್ಟಿಕೊಂಡ ದಿನ ಅಪ್ಪನಿಗೆ ಹುಡುಗನ ಹುಮ್ಮಸ್ಸು. ದಿನವೂ ಹೊರುವುದಕ್ಕಿಂತ ಜಾಸ್ತಿ ಹೊತ್ತರು. ಮೂರನೇ ವಾರ ಸೊಂಟ ಹಿಡಿದು ಒಂದೂವರೆ ತಿಂಗಳು ಮನೆಯಲ್ಲಿ ಮಲಗಿದರು. ಕೂಲಿ ಇಲ್ಲ. ಅಮ್ಮ ಮಂಡಕ್ಕಿ ಭಟ್ಟಿಗೆ ಕೆಲಸಕ್ಕೆ ಹೋದಳು. ಬೆಲ್ಟಿನಿಂದಲೇ ಹಾಗಾಯಿತು ಅಂತ ನಾನು ಹೇಳಲ್ಲ. ಬೆಲ್ಟು ಇದೆ ಅನ್ನೋ ಧೈರ್ಯದಿಂದ ಆಯಿತು. 2000ನೇ ಇಸವಿಯಲ್ಲಿ ಅಮೆರಿಕದ ಒಂದು ದೊಡ್ಡ ಅಂಗಡಿ ಸರಣಿಯ 160 ಮಳಿಗೆಗಳಲ್ಲಿ ಸಾಮಾನು ಎತ್ತಿಡುವ ಒಂಬತ್ತು ಸಾವಿರಕ್ಕೂ ಹೆಚ್ಚು ಕೆಲಸಗಾರರ ಮೇಲೆ ನಿಯೋಶ್ ನಡೆಸಿದ ಅಧ್ಯಯನ ಹೊರಬಂತು. ಬೆಲ್ಟು ಕಟ್ಟಿದವರಲ್ಲೂ ಕಟ್ಟದವರಲ್ಲೂ ಬೆನ್ನು ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಡಾಕ್ಟರ್ ಹೇಳಿದ್ದರೆ, ನೋವಿರುವ ಕೆಲವು ದಿನ ಕಟ್ಟಿ. ಮಿಕ್ಕ ದಿನ ನಿಮ್ಮ ಹೊಟ್ಟೆ, ಬೆನ್ನಿನ ಸ್ನಾಯುಗಳೇ ನಿಮ್ಮ ಬೆಲ್ಟು.

ದಿನವಿಡೀ ನಿಂತು ಕೆಲಸ ಮಾಡುವ ಅಕ್ಕಂದಿರಿಗೆ ಒಂದು ಮಾತು. ಕಾಲಿನ ನರ ಹಸಿರಾಗಿ ಗಂಟುಗಂಟಾಗಿ ಕಾಣ್ತಿದ್ದರೆ, ಮೀನಖಂಡ ಬಿಗಿಯಾಗಿ ಹಿಡಿಯೋ ಕಾಲುಚೀಲ ಮೆಡಿಕಲ್ ಶಾಪಿನಲ್ಲಿ ಸಿಗುತ್ತೆ. ಅಳತೆ ಕೊಟ್ಟು ತಗೊಳ್ಳಬೇಕು. ಬೆಳಿಗ್ಗೆ ಊತ ಏರುವ ಮೊದಲು ಹಾಕಿ, ರಾತ್ರಿ ತೆಗೆಯಿರಿ. ಸಕ್ಕರೆ ಕಾಯಿಲೆಯಿದ್ದರೆ, ಪಾದ ತಣ್ಣಗಿದ್ದರೆ ಡಾಕ್ಟರನ್ನು ಕೇಳದೆ ಹಾಕಬೇಡಿ.

ನೋವಿನ ಮಾತ್ರೆ ಬಗ್ಗೆ ಹೇಳದೆ ಹೋದರೆ ನನಗೆ ಸಮಾಧಾನ ಇಲ್ಲ. ಬಿಸಿಲಲ್ಲಿ ಬೆವರು ಸುರಿಸಿ, ನೀರು ಕುಡಿಯದೆ, ದಿನಾ ಸುಮ್ನೆ ಎರಡು ಮಾತ್ರೆ ನುಂಗಿದರೆ ಕಿಡ್ನಿಗೆ ಏಟು. ರಾತ್ರಿ ನೋವು ಮರೆಯೋಕೆ ಕುಡಿದರೆ ಮೈ ಮಲಗುತ್ತೆ, ನಿದ್ದೆ ಕೆಡುತ್ತೆ. ಇನ್ನೊಂದು, ಇದನ್ನು ಮನೆಯವರೂ ನೆನಪಿಡಿ. ಸೊಂಟ ನೋವಿನ ಜೊತೆ ಕಾಲಲ್ಲಿ ಶಕ್ತಿ ಹೋದರೆ, ಕೂರುವ ಜಾಗ ಮರಗಟ್ಟಿದರೆ, ಮೂತ್ರ ನಿಂತರೆ ಅಥವಾ ಗೊತ್ತಿಲ್ಲದೆ ಹೋದರೆ, ಬೆಳಗಾಗಲಿ ಅಂತ ಕಾಯಬೇಡಿ. ಆ ರಾತ್ರಿಯೇ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ.

ನಮ್ಮ ಹಳೇ ದಾರಿಗಳ ಪಕ್ಕ ಕೆಲವು ಕಡೆ ಎರಡು ಕಲ್ಲುಕಂಬ ನೆಟ್ಟು ಮೇಲೊಂದು ಅಡ್ಡಗಲ್ಲು ಹೊದಿಸಿರುತ್ತಾರೆ, ನೋಡಿದ್ದೀರಲ್ವಾ? ತಲೆಹೊರೆ ಹೊತ್ತು ಬಂದವರು ಯಾರ ಸಹಾಯವೂ ಇಲ್ಲದೆ ಭಾರವನ್ನು ಅದರ ಮೇಲೆ ಜಾರಿಸಿ, ಸುಧಾರಿಸಿಕೊಂಡು, ಬಗ್ಗದೇ ಮತ್ತೆ ತಲೆಗೇರಿಸಿಕೊಳ್ಳೋಕೆ ಅದು. ಯಾರೋ ಪುಣ್ಯಾತ್ಮರು ಹೊರುವವರ ಕತ್ತು, ಸೊಂಟ ನೆನೆಸಿಕೊಂಡು ಮಾಡಿಸಿದ್ದು. ಪ್ರತಿ ಯಾರ್ಡಿನಲ್ಲೂ ಅಂಥದ್ದು ಬೇಕು ಅಂತ ನಾನು ಕೇಳ್ತಿದ್ದೀನಿ. ಚೀಲವನ್ನು ನೆಲದಿಂದ ಎತ್ತದೆ ಸೊಂಟದ ಎತ್ತರದಿಂದಲೇ ಬೆನ್ನಿಗೆ ತಗೊಳ್ಳೋ ಕಟ್ಟೆ. ನೆರಳಿರುವ ಒಂದು ಕೋಣೆ, ನಾಲ್ಕು ಚಾಪೆ, ಕುಡಿಯೋ ನೀರು, ಬಿಸಿನೀರಿನ ಬ್ಯಾಗು. ಹೆಂಗಸರಿಗೆ ಬೇರೆ ಕೋಣೆ. ಇವುಗಳ ಖರ್ಚು ಹಮಾಲರ ಜೇಬಿನಿಂದ ಬರಬಾರದು. ನಿಮ್ಮ ಸಂಘದವರು ಮಾಲೀಕರ ಹತ್ತಿರ ಕೂಲಿ ದರದ ಮಾತಿಗೆ ಕೂತಾಗ ಈ ಪಟ್ಟಿಯನ್ನೂ ಮುಂದಿಡಿ. ಬರೆದುಕೊಡೋಕೆ ನಾನಿದ್ದೀನಿ.

ಮಾತು ಇಷ್ಟೇ. ಇಲ್ಲಿ ಎರಡು ಚೀಲ ತರಿಸಿದ್ದೀನಿ, ಚೆಂಡುಗಳೂ ಇವೆ. ಕಂಬದ ಹತ್ತಿರ ಕೂತಿರೋ ಅಣ್ಣ, ಆಗಿಂದ ಸೊಂಟ ಹಿಡ್ಕೊಂಡು ಕೂತಿದ್ದೀರಿ. ಮೊದಲು ನೀವೇ ಬನ್ನಿ. ಟವೆಲ್ ತಲೆ ಕೆಳಗೆ ಇಟ್ಟುಕೊಂಡು ಮಲಗಿ, ಕಾಲು ನಾನು ಎತ್ತಿ ಇಡ್ತೀನಿ.